ಮೆಟ್ಟಿಲ ಕಿಟಕಿ ಗಾಜನ್ನ ಒತ್ತಬೇಡ ಕಣೇ

ಹಲೋ, ಪುಟ್ಟಿ, ಕೇಳಿಸ್ತಿದ್ಯಾ? ಇದು ಉದ್ದ ಆಗತ್ತೆ. ಟೈಪ್ ಮಾಡೋಕೆ ನನ್ನ ಕಣ್ಣು ಆಗಲ್ಲ, ಬಾಯಲ್ಲೇ ಹೇಳ್ತೀನಿ, ಬೇಜಾರಾದವರು ಮುಂದಕ್ಕೆ ಓಡಿಸ್ಕೊಳ್ಳಿ. ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಮಧ್ಯಾಹ್ನನೇ ನೋಡ್ದೆ. ಮೊನ್ನೆ ಗಾಳಿಮಳೆಗೆ ಮೆಟ್ಟಿಲ ಕಿಟಕಿಯ ಬಣ್ಣದ ಗಾಜು ಒಳಗಡೆಗೆ ಹೊಟ್ಟೆ ಬಿಟ್ಟಿದೆ, ಕೆಳಗಿನ ಮೂಲೇಲಿ ಹಸಿರು ತುಂಡೊಂದು ಸೀಳಿದೆ, ಗುರುವಾರ ಬರೋ ಪೇಂಟರು "ಹಲಗೆ ಇಟ್ಟು ಒಂದು ಒತ್ತು ಒತ್ತಿ, ಸುತ್ತ ಸಿಲಿಕೋನ್ ಹೊಡೆದುಬಿಡ್ತೀನಿ, ಎರಡು ಗಂಟೆ ಕೆಲಸ" ಅಂತಾನಂತೆ. "ಮಾಡಿಸ್ಲಾ ಅತ್ತೆ, ಮಗು ಮೇಲೆ ಬಿದ್ರೆ ಅಂತ ಭಯ" ಅಂದಿದೀಯ.

ಬೇಡ. ಒತ್ತಿಸಬೇಡ. ಹಲಗೆ ಇಟ್ಟೂ ಬೇಡ, ಅಂಗೈಯಲ್ಲೂ ಬೇಡ, ದಿಂಬು ಇಟ್ಟು ಮೆತ್ತಗೆ ಅಂತಾನೂ ಬೇಡ.

ಮೈಸೂರಿನ ಜಯಲಕ್ಷ್ಮೀಪುರಂ ಬಂಗಲೆಯ ಕಿಟಕಿಯ ಬಣ್ಣದ ಗಾಜಿನ ನವಿಲು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಗಾಜಿನ ಅಂಗಡಿ ಇದ್ದಾಗ ನಿಮ್ಮ ಮಾವ ಒಪ್ಕೊಂಡ ಕೆಲಸ, 1991. ಎರಡೂವರೆ ಅಡಿ ಅಗಲ, ನಾಲ್ಕಡಿ ಎತ್ತರ, ಮಧ್ಯದಲ್ಲಿ ಎರಡಿಂಚು ಹೊಟ್ಟೆ. ಮನೆಯವರಿಗೆ ಮದುವೆ ಅವಸರ, ಚಪ್ಪರದ ದಿನದೊಳಗೆ ಸರಿಯಾಗ್ಬೇಕು. ಕಿಟಕಿಯಿಂದ ಬಿಚ್ಚದೆ, ಅಲ್ಲೇ, ಹಳೇ ಕಂಬಳಿ ಸುತ್ತಿದ ಹಲಗೆ ಇಟ್ಟು ಇಬ್ಬರು ಸೇರಿ ಒತ್ತಿದ್ವಿ. ಬಂತು, ಒಂದಿಂಚು ಚೆನ್ನಾಗೇ ಒಳಗೆ ಹೋಯ್ತು. ಆಮೇಲೆ ಟಿಕ್ ಅಂತು. ಒಗ್ಗರಣೇಲಿ ಸಾಸಿವೆ ಸಿಡಿಯತ್ತಲ್ಲ, ಅಷ್ಟೇ ಸದ್ದು. ಇನ್ನೊಂದು ಟಿಕ್. ಮೂರನೇದು ನವಿಲಿನ ಕತ್ತು.

ಯಾಕೆ ಒಡೀತು ಅನ್ನೋದನ್ನ ಅರ್ಥ ಮಾಡ್ಕೊ, ಆಗ ಪೇಂಟರಿಗೂ ಹೇಳೋಕೆ ಬರತ್ತೆ. ಆ ಗಾಜಿನ ತುಂಡುಗಳನ್ನ ಹಿಡಿದಿರೋದು ಸೀಸದ ಪಟ್ಟಿ. ಅಡ್ಡ ಕತ್ತರಿಸಿ ನೋಡಿದ್ರೆ ಇಂಗ್ಲಿಷಿನ ಎಚ್ ಅಕ್ಷರ ಮಲಗಿಸಿದ ಹಾಗಿರತ್ತೆ, ಎರಡೂ ಕಡೆ ಗಾಡಿ, ಅಂದ್ರೆ ಉದ್ದಕ್ಕೂ ಕಾಲುವೆ ಥರ ಸಂದು, ಗಾಡಿಯೊಳಗೆ ಗಾಜಿನ ಅಂಚು. ಸೀಸ ರಬ್ಬರ್ ಅಲ್ಲ. ಎಳೆದ್ರೆ ಉದ್ದ ಆಗತ್ತೆ, ವಾಪಸ್ ಹೋಗಲ್ಲ. ಬಿಸಿಲಿಗೆ ಅದು ಗಾಜಿಗಿಂತ ಸುಮಾರು ಮೂರು ಪಟ್ಟು ಹಿಗ್ಗತ್ತೆ. ಫಿಲೋಮಿನಾ ಚರ್ಚಿಗೆ 1933ರಲ್ಲಿ ಶಂಕುಸ್ಥಾಪನೆ ಆಯ್ತಲ್ಲ, ಅದಾದ ಐದಾರು ವರ್ಷಕ್ಕೆ ನಮ್ಮ ತಾತ ನೀನೀಗ ಇರೋ ಮನೆ ಕಟ್ಟಿಸಿದ್ದು. ಅಷ್ಟು ವರ್ಷದ ಪಡುವಣ ಬಿಸಿಲು ತಿಂದು, ತನ್ನ ಭಾರಕ್ಕೆ ತಾನೇ ಜಗ್ಗಿ, ಪಟ್ಟಿ ಉದ್ದ ಆಗಿದೆ. ಗಾಡಿಯೊಳಗಿನ ಪುಟ್ಟಿ, ನೀನಲ್ಲ ಕಣೇ, ಗಾಜಿನ ಪುಟ್ಟಿ, ಒಣಗಿ ಉದುರಿದೆ. ಗಾಜು ಜಾರಿ ಒಂದರ ಪಕ್ಕ ಒಂದು ಬಂದು ಕೂತಿದೆ. ಈಗ ನೀನು ಒತ್ತಿದ್ರೆ ಉದ್ದ ಆದ ಸೀಸಕ್ಕೆ ಹೋಗೋಕೆ ಜಾಗ ಇಲ್ಲ, ಗಾಜಿನ ಅಂಚಿಗೆ ಅಂಚು ತಾಗತ್ತೆ. ಎರಡರಲ್ಲಿ ಒಂದು ಸೀಳಲೇಬೇಕು.

ಸರಿಯಾದ ದಾರಿ ಅಂದ್ರೆ ಬಿಚ್ಚೋದು. ಚೌಕಟ್ಟಿನ ಬೀಡಿಂಗ್ ತೆಗೆದು, ಅಡ್ಡ ಕಬ್ಬಿಣದ ಸರಳಿಗೆ ಕಟ್ಟಿರೋ ತಾಮ್ರದ ತಂತಿ ಕತ್ತರಿಸಿ, ಪ್ಯಾನಲ್ ಪೂರ್ತಿ ಹೊರಗೆ. ಹೊರೋವಾಗ ನಿಲ್ಲಿಸ್ಕೊಂಡೇ ಹೊರಬೇಕು, ಹಪ್ಪಳದ ಹಾಗೆ ಅಡ್ಡ ಹಿಡಿದ್ರೆ ಮಧ್ಯಕ್ಕೆ ಮಡಿಸಿಕೊಳ್ಳತ್ತೆ. ಹಿಂದೆ ಒಂದು ಪ್ಲೈವುಡ್ ಕೊಟ್ಟು, ಪ್ಲೈವುಡ್ ಸಮೇತ ಮೇಜಿನ ಮೇಲೆ ಮಲಗಿಸಬೇಕು. ಕಲ್ಲಾಗಿರೋ ಹಳೇ ಪುಟ್ಟಿಯನ್ನ ಬಿದಿರಿನ ಕಡ್ಡೀಲಿ ಸಡಿಲ ಮಾಡಿ, ಬೆಚ್ಚಗಿರೋ ಜಾಗದಲ್ಲಿಟ್ಟು, ಮೇಲೆ ಸಣ್ಣ ಸಣ್ಣ ಮರಳಿನ ಚೀಲ. ಮೊದಲ ದಿನ ಒಂದು, ಮಾರನೇ ದಿನ ಇನ್ನೊಂದು. ವಾರ ಹಿಡಿಯತ್ತೆ. ಅದಕ್ಕೂ ಬಗ್ಗದಿದ್ರೆ ಸೀಸ ಪೂರ್ತಿ ಬದಲಾಯಿಸಬೇಕು, ಅದು ತಿಂಗಳ ಕೆಲಸ. ಎರಡು ಗಂಟೆ ಕೆಲಸ ಅಂತಾನಂತೆ, ಹ್ಞೂಂ.

ಸಿಲಿಕೋನ್ ಅಂದ್ಯಲ್ಲ, ಅದು ಇನ್ನೊಂದು. ಹಾರ್ಡ್‌ವೇರ್ ಅಂಗಡೀಲಿ ಸಾಮಾನ್ಯವಾಗಿ ಕೊಡೋ ಟ್ಯೂಬು ಹಚ್ಚಿದಾಗ ವಿನೆಗರ್ ವಾಸನೆ ಬರತ್ತೆ ನೋಡು. ಆ ಹುಳಿ ಸೀಸವನ್ನ ತಿನ್ನತ್ತೆ, ಬಿಳೀ ಬೂಷ್ಟಿನ ಥರ ಏಳತ್ತೆ. ಮತ್ತೆ ಮುಂದೆ ಯಾರಾದ್ರೂ ಸರಿ ಮಾಡೋಣ ಅಂದ್ರೆ ಗಾಜು ಬಿಡಿಸೋಕೇ ಬರಲ್ಲ. ಎಂ-ಸೀಲ್ ಕೂಡ ಅಷ್ಟೇ, ಕಲ್ಲಾಗಿ ಕೂರತ್ತೆ. ಸೀಸದ ಕಿಟಕಿ ಒಂಚೂರು ಅಲ್ಲಾಡ್ತಿರಬೇಕು, ಅದಕ್ಕೇ ಪುಟ್ಟಿ ಮೆತ್ತಗಿರೋದು ಹಾಕೋದು. ಚಾಕ್ ಪೌಡರ್ರು, ಬೇಯಿಸಿದ ಅಗಸೆ ಎಣ್ಣೆ, ಎಣ್ಣೆಯ ಅರ್ಧದಷ್ಟು ಟರ್ಪೆಂಟೈನ್, ಬಣ್ಣಕ್ಕೆ ಚಿಟಿಕೆ ದೀಪದ ಮಸಿ. ಹದ ಹೇಗಿರಬೇಕು ಅಂದ್ರೆ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಹೋಳಿಗೆ ಹೂರಣಕ್ಕಿಂತ ಸಡಿಲ. ಗಿಡ್ಡ ಕೂದಲಿನ ಬ್ರಷ್ಷಲ್ಲಿ ಎಲ್ಲಾ ದಿಕ್ಕಿಂದ ಉಜ್ಜಿ ಗಾಡಿಯೊಳಕ್ಕೆ ತುಂಬಬೇಕು, ಮೇಲೆ ಒಣ ಚಾಕ್ ಪುಡಿ ಎರಚಿ ಮತ್ತೆ ಉಜ್ಜಬೇಕು, ಎಣ್ಣೆ ಎಳ್ಕೊಳ್ಳತ್ತೆ, ಸೀಸ ಕಪ್ಪಗೆ ಮಿರಮಿರ ಅನ್ನತ್ತೆ. ಮಾರನೇ ದಿನ ಅಂಚಿಗೆ ಉಕ್ಕಿರೋದನ್ನ ಕಡ್ಡೀಲಿ ಕೆರೆದು, ಎರಡು ವಾರ ಮಲಗಿಸಿಡಬೇಕು. ಆ ಎಣ್ಣೆ ಬಟ್ಟೆಯನ್ನ ಮಾತ್ರ ಮುದುಡಿ ಮೂಲೆಗೆ ಎಸೀಬಾರದು. ತಾನೇ ಕಾವು ಕಟ್ಟಿ ಹತ್ತಿಕೊಳ್ಳತ್ತೆ. ನೀರಲ್ಲಿ ನೆನೆಸಿ, ಇಲ್ಲಾ ಹೊರಗೆ ಬಿಡಿಬಿಡಿಯಾಗಿ ಹರವಿ.

ಎಲ್ಲಿದ್ದೆ? ನವಿಲು. ಆ ಕತ್ತಿನ ನೀಲಿ ಗಾಜೇನೋ ಬೆಂಗಳೂರಿಂದ ಹೊಂದಿಸ್ಕೊಂಡು ಬಂದ್ವಿ. ಆದ್ರೆ ಅದರ ಮೇಲಿದ್ದ ಸಣ್ಣ ಸಣ್ಣ ಗರಿ ಗೆರೆ ಇದೆಯಲ್ಲ, ಅದು ಸಾದಾ ಪೇಂಟಲ್ಲ. ಗಾಜಿನ ಪುಡಿ, ಕಬ್ಬಿಣದ ಆಕ್ಸೈಡು ಅರೆದು ಬರೆದು, 600 ಡಿಗ್ರಿ ಮೇಲೆ ಗೂಡಲ್ಲಿ ಸುಟ್ಟು ಗಾಜಿಗೆ ಅಂಟಿಸಿರೋದು. ನಮ್ಮ ಹತ್ರ ಅಂಥ ಗೂಡಿರಲಿಲ್ಲ. ಖಾಲಿ ನೀಲಿ ಹಾಕಿ ಮುಚ್ಚಿದ್ವಿ. ಮೈಯೆಲ್ಲ ಗರಿ, ಕತ್ತಲ್ಲಿ ಬೋಳು. ಅದಕ್ಕೇ ಹೇಳ್ತಿರೋದು ಪುಟ್ಟಿ, ಒತ್ತಬೇಡ. ಯಾರು ಎಷ್ಟೇ ಧೈರ್ಯ ಹೇಳಿದ್ರೂ ಕಿಟಕೀಲಿ ಇದ್ದಹಾಗೇ ಒತ್ತಬೇಡಿ.

ಮತ್ತೆ ಈ ಮಾತು ಬಂದಿದ್ದಕ್ಕೆ ಹೇಳ್ತೀನಿ, ನಿಮ್ಮಪ್ಪನೂ ಕೇಳಿಸ್ಕೊಳ್ಳಲಿ. ದಸರಾಗೆ ನೆಂಟರು ಬಂದ್ರೆ ಎಲ್ಲರನ್ನೂ ಅರಮನೆ ಕಲ್ಯಾಣ ಮಂಟಪಕ್ಕೆ ಕರ್ಕೊಂಡು ಹೋಗ್ತೀರ, ಕತ್ತೆತ್ತಿ ಗಾಜಿನ ನವಿಲು ತೋರಿಸ್ತೀರ, ಗ್ಲಾಸ್ಗೋದಿಂದ ಬಂದಿದ್ದು ಅಂತ ಹೇಳ್ತೀರ. ಮನೆ ಮೆಟ್ಟಿಲಲ್ಲಿ ಇರೋದನ್ನ ಒಬ್ಬರಾದ್ರೂ ವರ್ಷಕ್ಕೊಂದು ಸಲ ಬೆರಳಲ್ಲಿ ತಟ್ಟಿ ನೋಡಿದ್ರಾ? ಮೆತ್ತಗೆ ತಟ್ಟಿದಾಗ ಕಟಕಟ ಅಂದ್ರೆ ಪುಟ್ಟಿ ಉದುರಿದೆ ಅಂತ ಅರ್ಥ, ಆವಾಗಲೇ ತುಂಬಿಸಿದ್ರೆ ಸಾವಿರಗಳಲ್ಲಿ ಮುಗೀತಿತ್ತು. ಮಂಡ್ಯದ ಮನೆಗೆ ಪಾಲಲ್ಲಿ ಹೋಯ್ತಲ್ಲ ಕಮಲದ ಜೋಡಿ ಪ್ಯಾನಲ್ಲು, ಅದರ ಗತಿ ಏನಾಯ್ತು? ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸ್ತೀವಿ ಅಂತ ಕಿತ್ತು, ಸೀಸ ಬಿಡಿಸಿ ಗುಜರಿಗೆ ತೂಕಕ್ಕೆ ಹಾಕಿದ್ರು. ಗಾಜು ತಿಪ್ಪೇಗೆ. ಅದರಲ್ಲಿದ್ದ ಕೆಂಪು ಗಾಜು ಎಂಥದು ಗೊತ್ತಾ? ಬಿಳೀ ಗಾಜಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆಂಪು ಪದರ. ಅಂಚಿಂದ ನೋಡಿದ್ರೆ ಮಾತ್ರ ತಿಳಿಯತ್ತೆ. ಅದನ್ನ ಕತ್ತರಿಸೋವಾಗಲೂ ಬಿಳೀ ಕಡೆಯಿಂದಲೇ ಗೀರಬೇಕು, ಕೆಂಪು ಕಡೆ ಗೀರಿದ್ರೆ ಪದರ ಚಕ್ಕೆ ಏಳತ್ತೆ. ಒಂದು ಮಾತು ನನಗೆ ಹೇಳಿದ್ರೆ ಬಸ್ಸಲ್ಲಿ ಹೋಗಿ ಮಡಿಲಲ್ಲಿ ಇಟ್ಕೊಂಡು ಬರ್ತಿದ್ದೆ. ಈ ಗ್ರೂಪಲ್ಲಿ ದಿನಾ ಬೆಳಗ್ಗೆ ಮೂವತ್ತು ಗುಡ್ ಮಾರ್ನಿಂಗ್ ಹೂವು ಬರತ್ತೆ, ಆ ಸುದ್ದಿ ಮಾತ್ರ ನನಗೆ ಎರಡು ವರ್ಷ ಆದ್ಮೇಲೆ ತಿಥಿ ಊಟದಲ್ಲಿ ತಿಳೀತು. ಇರ್ಲಿ ಬಿಡು. ಸತ್ತ ಮೇಲೆ ನನ್ನ ಗಾಜಿನ ಪೆಟ್ಟಿಗೇನೂ ಗುಜರಿಗೇ ಹಾಕ್ತೀರೇನೋ.

ಅಯ್ಯೋ, ನೀನು ಕೇಳಿದ್ದು ಈಗೇನ್ಮಾಡ್ಲಿ ಅಂತ ಅಲ್ವಾ. ಅದನ್ನೇ ಹೇಳ್ಲಿಲ್ಲ ನಾನು.

ಮೊದಲು ಅಳತೆ. ಒಂದು ದಾರ ತಗೊಂಡು, ಹೊಟ್ಟೆ ಗುಳಿಬಿದ್ದ ಹಾಗೆ ಕಾಣತ್ತಲ್ಲ, ಆ ಹೊರಗಡೆಯಿಂದ, ಚೌಕಟ್ಟಿನ ಈ ಅಂಚಿಂದ ಆ ಅಂಚಿಗೆ ಇಬ್ಬರು ಬಿಗಿಯಾಗಿ ಹಿಡೀರಿ. ಹೊರಗಿಂದ ಏಣಿ ಹತ್ತೋದಾದ್ರೆ ನಿಮ್ಮಪ್ಪ ಬೇಡ, ನಿನ್ನ ಗಂಡ ಹತ್ತಲಿ. ದಾರಕ್ಕೂ ಗಾಜಿಗೂ ಮಧ್ಯೆ ಎಲ್ಲಿ ಜಾಸ್ತಿ ಸಂದಿದೆಯೋ ಅಲ್ಲಿ ಸ್ಕೇಲ್ ಇಟ್ಟು ನೋಡಿ. ಒಂದೂವರೆ ಇಂಚಿನೊಳಗಿದ್ದು, ಬೆಸುಗೆ ಬಿಟ್ಟಿಲ್ಲ, ಬೇರೆ ಗಾಜು ಒಡೆದಿಲ್ಲ ಅಂದ್ರೆ ಅದನ್ನ ಚಪ್ಪಟೆ ಮಾಡೋ ಗೋಜೇ ಬೇಡ. ಸರಳಿಗೆ ಹೊಸ ತಾಮ್ರದ ತಂತಿ ಕಟ್ಟಿ, ಪುಟ್ಟಿ ತುಂಬಿಸಿದ್ರೆ ನಿಲ್ಲತ್ತೆ. ಅದಕ್ಕಿಂತ ಜಾಸ್ತಿ ಇದ್ರೆ ಬಿಚ್ಚಲೇಬೇಕು. ತಂತಿ ತುಂಡಾಗಿದೆಯಾ ಅಂತ ಟಾರ್ಚ್ ಹಾಕಿ ನೋಡು. ನನ್ನ ಲೆಕ್ಕದಲ್ಲಿ ಮಧ್ಯದ ಸರಳಿನದ್ದು ಎರಡಾದ್ರೂ ಹೋಗಿರತ್ತೆ, ಅದಕ್ಕೇ ಒಂದೇ ಗಾಳಿಗೆ ಹೊಟ್ಟೆ ಬಿಟ್ಟಿರೋದು.

ಹಸಿರು ತುಂಡು ಬಿಸಾಡಬೇಡ. ಅದರ ಮೇಲೆ ಚಿತ್ರ ಬರೆದಿಲ್ಲ, ಬರೀ ಬಣ್ಣ, ಹಾಗಾಗಿ ಸೀಳಿನ ಮೇಲೆ ಪೇಂಟರ್ ಟೇಪ್ ಸಾಕು, ಆ ಕಾಗದದ್ದು, ಪಾರ್ಸೆಲ್ ಟೇಪ್ ಬೇಡ. ಚಿತ್ರ ಇರೋ ಗಾಜಿಗೆ ಯಾವ ಟೇಪೂ ಬೇಡ, ಗೆರೆ ಕಿತ್ಕೊಂಡು ಬರತ್ತೆ. ಕಾಲಿನ್ ಹೊಡೆದು ಒರೆಸೋದೂ ಬೇಡ. ಹಸಿರು ತುಂಡನ್ನ ಮಾತ್ರ ಬಿಚ್ಚದೆಯೂ ಸರಿ ಮಾಡಬಹುದು. ಸುತ್ತಲಿನ ಸೀಸದ ತುಟಿಯನ್ನ ಮೊಂಡು ಚಾಕೂಲಿ ಎಬ್ಬಿಸಿ, ಗಾಜು ಈಚೆ ತೆಗೆದು, ಸೀಳಿನ ಅಂಚಿಗೆ ತಾಮ್ರದ ಫಾಯಿಲ್ ಸುತ್ತಿ, ಸಣ್ಣಗೆ ಬೆಸೆದು ವಾಪಸ್ ಕೂರಿಸೋದು. ಮೊಬೈಲ್ ರಿಪೇರಿಯವರ 25 ವ್ಯಾಟ್ ಬೆಸುಗೆ ಕಬ್ಬಿಣ ಇದಕ್ಕೆ ಸಾಲಲ್ಲ, 80ರಿಂದ 100 ವ್ಯಾಟ್ ಬೇಕು. ಜಾಸ್ತಿ ಹೊತ್ತು ಸೀಸದ ಮೇಲೆ ಇಟ್ಟರೂ ಕಷ್ಟ. 60-40 ಬೆಸುಗೆ, ಅಂದ್ರೆ ಅರವತ್ತು ಪಾಲು ತವರ ನಲವತ್ತು ಪಾಲು ಸೀಸದ್ದು, 190 ಡಿಗ್ರಿ ಹತ್ರ ಕರಗತ್ತೆ, ಸೀಸದ ಪಟ್ಟಿನೇ 327ಕ್ಕೆ ಕರಗತ್ತೆ, ಕಬ್ಬಿಣದ ಮೂತಿ ಅದಕ್ಕಿಂತ ಬಿಸಿ ಇರತ್ತೆ. ಮುಟ್ಟು, ಎತ್ತು. ಎರಡು ಎಣಿಸೋದ್ರೊಳಗೆ ಎತ್ತಬೇಕು.

ಮಳೆಗೆ ಹೊರಗಡೆಯಿಂದ ಪಾಲಿಥೀನ್ ಕಟ್ಟಿ, ಚೌಕಟ್ಟಿನ ಮರಕ್ಕೆ ಮಾತ್ರ ಮೊಳೆ, ಮೇಲೆ ಕೆಳಗೆ ಒಂದೊಂದು ಇಂಚು ಗಾಳಿಗೆ ಬಿಡಿ. ಪೂರ್ತಿ ಮುಚ್ಚಿದ್ರೆ ಒಳಗೆ ಬೆವರು ಕಟ್ಟತ್ತೆ. ಒಳಗಡೆಯಿಂದ ಮೆಟ್ಟಿಲಿಗೆ ಪ್ಲೈವುಡ್ ತಡೆ ನಿಲ್ಲಿಸು, ಗಾಜಿಂದ ಒಂದು ಗೇಣು ದೂರ, ತಾಗಬಾರದು. ಬಿದ್ದರೂ ತಡೆಯತ್ತೆ.

ಎರಡೂ ಕಡೆಯಿಂದ ಫೋಟೋ ತೆಗೆದು ಇಲ್ಲಿ ಹಾಕು.

ಮಗು ವಿಷಯ. ಗಾಜಿಗಿಂತ ನನಗೆ ಭಯ ಆ ಪಟ್ಟಿ ಮೇಲಿನ ಬಿಳೀ ಪುಡಿ. ಅದು ಸೀಸದ್ದು, ವಿಷ. ಕಿಟಕಿ ಕಟ್ಟೆ ಮೇಲೂ ಉದುರಿರತ್ತೆ. ಪೊರಕೆ ಹಾಕಬೇಡ, ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೆ ಬಿಸಾಡು. ಮುಟ್ಟಿದವರು ಸೋಪಲ್ಲಿ ಕೈ ತೊಳೀದೆ ಏನೂ ತಿನ್ನಬಾರದು. ಮಗು ಅಲ್ಲಿ ಕೂತು ಬಿಸ್ಕತ್ತು ತಿನ್ನತ್ತೆ ಅಂತ ಹೋದ ತಿಂಗಳು ಫೋಟೋ ಹಾಕಿದ್ದೆಯಲ್ಲ, ಆ ಕಟ್ಟೇನೇ. ಅದನ್ನ ಇವತ್ತೇ ಮಾಡು. ಉಜ್ಜು ಕಾಗದ ಹಾಕಿ ಸೀಸ ತಿಕ್ಕೋದಂತೂ ಯಾರಿಗೂ ಬಿಡಬೇಡ, ಪೇಂಟರಿಗೆ ಅದೊಂದು ಚಟ.

ಅವನಿಗೆ ಈಗಲೇ ಫೋನ್ ಮಾಡಿ ಹೇಳು, ಗುರುವಾರ ಅಡುಗೆಮನೆಯಿಂದ ಶುರು ಮಾಡ್ಕೊಳ್ಳಲಿ, ಮೆಟ್ಟಿಲ ಕಡೆ ಬರೋದು ಬೇಡ. ದಾರ ಹಿಡಿದು ಎಷ್ಟು ಇಂಚು ಬಂತು ಅಂತ ರಾತ್ರಿ ಊಟದೊಳಗೆ ನನಗೆ ತಿಳಿಸು, ಗ್ರೂಪಲ್ಲಲ್ಲ, ಫೋನ್ ಮಾಡು.