ಟೈಮಿಂಗ್ ಬೆಲ್ಟ್ ಚೇಂಜ್ ಮಾಡ್ಸುವಾಗ ಹಳೇ ಟೆನ್ಷನರ್, ವಾಟರ್ ಪಂಪ್ ಹಂಗೇ ಬಿಡಬಹುದಾ? ಫಿಗೋ ಡೀಸೆಲ್, ತುಮಕೂರು

ಕ್ಯಾತ್ಸಂದ್ರ_ಫಿಗೋ

ಎಲ್ರಿಗೂ ನಮಸ್ಕಾರ. ನಂದು 2012ರ ಫಿಗೋ 1.4 ಡೀಸೆಲ್, 1,30,000 ಕಿಲೋಮೀಟರ್ ಹತ್ರ ಬಂದಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಳೇ ಓನರ್ ಹತ್ರ ಟೈಮಿಂಗ್ ಬೆಲ್ಟ್ (ಎಂಜಿನ್ನಲ್ಲಿ ಪಿಸ್ಟನ್, ವಾಲ್ವ್ ಒಂದಕ್ಕೊಂದು ಹೊಂದ್ಕೊಂಡು ಓಡೋ ಹಂಗೆ ಮಾಡೋ ಹಲ್ಲಿನ ಬೆಲ್ಟ್) ಹಾಕ್ಸಿದ ಬಿಲ್ ಇಲ್ಲ, ಹಂಗಾಗಿ ಹಾಕ್ಸೇ ಇಲ್ಲ ಅಂತ ಲೆಕ್ಕ ಹಾಕ್ಕೊಂಡು ಈ ತಿಂಗಳೇ ಮಾಡ್ಸಿಬಿಡೋಣ ಅಂತಿದೀನಿ. ಕೆಲ್ಸಕ್ಕೆ ಬೆಂಗಳೂರಿಗೆ ಹೋಗಿ ಬರೋ ಗಾಡಿ, ಮನೆಯೋರೂ ಕೂತಿರ್ತಾರೆ, ಹೈವೇಲಿ ಓಡ್ತಿರುವಾಗ ಬೆಲ್ಟ್ ಕಿತ್ಕೊಂಡ್ರೆ ಅನ್ನೋ ಯೋಚ್ನೆ ತಲೇಲಿ ಕೂತ್ಬಿಟ್ಟಿದೆ.

ಇಲ್ಲಿ ಒಂದು ಗ್ಯಾರೇಜಲ್ಲಿ ಕೇಳ್ದೆ. ಬೆಲ್ಟ್ ಒಂದು ಹಾಕಿದ್ರೆ ಸಾಕು ಸಾರ್, ಟೆನ್ಷನರ್ (ಬೆಲ್ಟನ್ನ ಬಿಗಿಯಾಗಿ ಹಿಡಿಯೋ ರಾಟೆ) ಕೈಯಲ್ಲಿ ತಿರುಗಿಸಿ ನೋಡ್ತೀನಿ ಸದ್ದಿಲ್ದೆ ತಿರುಗಿದ್ರೆ ಅದನ್ನೇ ಹಾಕ್ತೀನಿ, ವಾಟರ್ ಪಂಪ್ ಲೀಕ್ ಇಲ್ವಲ್ಲ ಅದರ ತಂಟೆಗೆ ಯಾಕೆ ಹೋಗ್ತೀರ ಅಂದ್ರು. ಪಂಪ್ ಸಮೇತ ಕಿಟ್ ತಗೊಂಡ್ರೆ ಪಾರ್ಟ್ಸ್ ದುಡ್ಡೇ ಮೂರು ಪಟ್ಟು ಆಗುತ್ತೆ. ಜೊತೆಗೆ ಫೋರ್ಡ್‌ನವ್ರು 2021ರಲ್ಲಿ ಇಂಡಿಯಾದಲ್ಲಿ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂದ್ಮೇಲೆ ಪಾರ್ಟ್ಸ್ ಬಗ್ಗೆನೂ ಭಯ ಇದ್ದೇ ಇದೆ. ಹಳೇದು ಯಾವ್ಯಾವುದು ಉಳಿಸ್ಕೋಬಹುದು, ಯಾವುದು ಎಸೀಲೇಬೇಕು, ಗೊತ್ತಿರೋರು ಹೇಳಿ.

ಗುಬ್ಬಿಗೇಟ್_ಮೆಕ್ಯಾನಿಕ್

ಅಣ್ಣ ನಾನು ಇದೇ ಕೆಲ್ಸ ಮಾಡೋನು, ನೇರವಾಗಿ ಹೇಳ್ತೀನಿ, ಬೆಲ್ಟ್ ಒಂದೇ ಹಾಕಿಸ್ಬೇಡಿ. ಈ ಎಂಜಿನ್ನಲ್ಲಿ ಟೈಮಿಂಗ್ ಬೆಲ್ಟು ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸೋ ಶಾಫ್ಟು), ಡೀಸೆಲ್ ಹೈ ಪ್ರೆಷರ್ ಪಂಪು, ವಾಟರ್ ಪಂಪು ಮೂರನ್ನೂ ತಿರುಗಿಸ್ತದೆ, ಮಧ್ಯದಲ್ಲಿ ಟೆನ್ಷನರ್ ಒಂದು, ಬೆಲ್ಟಿಗೆ ದಾರಿ ಹಿಡಿಸೋ ಐಡ್ಲರ್ ರಾಟೆ ಒಂದು ಐತೆ. ಇದ್ರಲ್ಲಿ ಯಾವ್ದಾದ್ರೂ ಒಂದು ಬೇರಿಂಗ್ ಜಾಮ್ ಆಯ್ತು ಅಂದ್ರೆ ನಿಮ್ಮ ಹೊಸ ಬೆಲ್ಟಿನ ಹಲ್ಲು ಕಿತ್ಕೊಂಡು ಹೋಗ್ತದೆ. ಆವಾಗ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಹೊಡೀತದೆ, ವಾಲ್ವ್ ಬೆಂಡ್, ರಾಕರ್ ಆರ್ಮ್ ಮುರಿತದೆ, ಹೆಡ್ ಇಳಿಸಬೇಕು. ಆ ಖರ್ಚಿನ ಮುಂದೆ ಕಿಟ್ ದುಡ್ಡು ಏನೂ ಅಲ್ಲ.

ಕೈಯಲ್ಲಿ ತಿರುಗಿಸಿ ನೋಡೋ ವಿಷ್ಯ ಹೇಳ್ತೀನಿ ಕೇಳಿ. ಹೊಸ ಟೆನ್ಷನರ್ ಡಬ್ಬದಿಂದ ತೆಗೆದು ಬೆರಳಲ್ಲಿ ಒಂದ್ಸಲ ತಿರುಗಿಸಿ, ಒಳಗೆ ಗ್ರೀಸ್ ತುಂಬಿರೋದ್ರಿಂದ ಸ್ವಲ್ಪ ಬಿಗಿಯಾಗಿ ತಿರುಗಿ ಅಲ್ಲೇ ನಿಂತ್ಕೊಳ್ತದೆ. ಲಕ್ಷ ಓಡಿರೋದನ್ನ ತಿರುಗಿಸಿ, ಸರ್‍ರ್ ಅಂತ ಸುತ್ತುತಾನೇ ಇರ್ತದೆ, ನೋಡ್ದೋರು ಎಷ್ಟು ಸ್ಮೂತ್ ಐತೆ ಅಂತಾರೆ. ಅದು ಸ್ಮೂತ್ ಅಲ್ಲಣ್ಣ, ಒಳಗಿನ ಗ್ರೀಸ್ ಒಣಗೋಗೈತೆ ಅಂತ ಅರ್ಥ. ಅದೂ ಅಲ್ದೆ ಕೈಯಲ್ಲಿ ತಿರುಗಿಸುವಾಗ ಲೋಡೂ ಇಲ್ಲ ಬಿಸೀನೂ ಇಲ್ಲ, ಗಾಡಿ ಒಳಗೆ ಅದೇ ಬೇರಿಂಗು ಬೆಲ್ಟ್ ಎಳೆತದಲ್ಲಿ, ಎಂಜಿನ್ ಬಿಸೀಲಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಗೊರಗೊರ ಅಂದ್ರೆ ಕೆಟ್ಟೈತೆ ಅಂತ ಗ್ಯಾರಂಟಿ, ಸದ್ದಿಲ್ಲ ಅಂದ್ರೆ ಚೆನ್ನಾಗೈತೆ ಅಂತ ಗ್ಯಾರಂಟಿ ಇಲ್ಲ.

ಇನ್ನ ವಾಟರ್ ಪಂಪು. ಈಗ ಲೀಕ್ ಇಲ್ಲ ಸರಿ, ಆರು ತಿಂಗಳು ಬಿಟ್ಟು ಲೀಕ್ ಆದ್ರೆ ಅದೇ ಎಂಜಿನ್ ಮೌಂಟ್ ಇಳಿಸಬೇಕು, ಅದೇ ಕವರ್ ಬಿಚ್ಚಬೇಕು, ಅದೇ ಲೇಬರ್ ಮತ್ತೆ ಕೊಡಬೇಕು, ಕೂಲೆಂಟ್ ಬಿದ್ದ ಬೆಲ್ಟನ್ನೂ ಎಸೀಬೇಕು. ಬಿಚ್ಚಿದಾಗ ಹಾಕ್ಬಿಟ್ರೆ ಪಂಪಿನ ದುಡ್ಡು ಒಂದೇ ಬೀಳೋದು.

ಶಿರಾರೋಡ್_ಟ್ರಾವೆಲ್ಸ್

ಮೇಲೆ ಹೇಳಿರೋದು ಫಿಗೋಗೆ ಸರಿ, ಆದ್ರೆ ಎಲ್ಲಾ ಗಾಡಿಗೂ ಅದೇ ಅಂತ ಓದೋರು ತಿಳ್ಕೋಬಾರ್ದು ಅಂತ ಒಂದು ಮಾತು ಸೇರಿಸ್ತೀನಿ. ನಮ್ಮ ಹಳೇ ಇನ್ನೋವಾ 2.5 ಡಿ-4ಡಿ ಎಂಜಿನ್ನಲ್ಲಿ ವಾಟರ್ ಪಂಪ್ ತಿರುಗೋದು ಹೊರಗಿನ ಫ್ಯಾನ್ ಬೆಲ್ಟಲ್ಲಿ, ಟೈಮಿಂಗ್ ಬೆಲ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಹಂಗಾಗಿ ಅಲ್ಲಿ ಪಂಪ್ ಚೆನ್ನಾಗಿದ್ರೆ ಬಿಡಬಹುದು. ಸ್ವಿಫ್ಟ್ 1.3 ಡೀಸೆಲ್‌ಗೆ ಬೆಲ್ಟೇ ಇಲ್ಲ, ಚೈನು. ಯಾರೋ ಹೇಳಿದ್ರು ಅಂತ ಹಾಕ್ಸಕ್ಕೆ ಹೋಗ್ಬೇಡಿ, ನಿಮ್ಮ ಎಂಜಿನ್ ಯಾವುದು, ಬೆಲ್ಟ್ ಏನೇನು ತಿರುಗಿಸುತ್ತೆ ಅನ್ನೋದು ಮೊದ್ಲು ತಿಳ್ಕೊಳ್ಳಿ.

ಇನ್ನೊಂದು, ಕೆಲವರು ಹೆದರಿಸಿ ಕ್ಯಾಮ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿ, ಪ್ಲಾಸ್ಟಿಕ್ ಕವರ್ ಎಲ್ಲಾ ಬದಲಾಯಿಸಿ ಅಂತಾರೆ. ಬೇಡ. ಹಲ್ಲು ಸವೆದಿಲ್ಲ, ಅಂಚಲ್ಲಿ ಪೆಟ್ಟು ಬಿದ್ದಿಲ್ಲ, ಎಣ್ಣೆ ಜಿಡ್ಡಿಲ್ಲ ಅಂದ್ರೆ ಒರೆಸಿ ಅದನ್ನೇ ಹಾಕಿಸಿ. ಕವರ್ ಒಡೆದಿದ್ರೆ ಮಾತ್ರ ಹೊಸದು, ಯಾಕಂದ್ರೆ ನಮ್ಮ ಕಡೆ ಕ್ರಷರ್ ಧೂಳು ಹೆಂಗಿದೆ ಗೊತ್ತಲ್ಲ, ಒಳಗೆ ಹೋದ್ರೆ ಬೆಲ್ಟೂ ಸವೆಯುತ್ತೆ ಬೇರಿಂಗೂ ಹೋಗುತ್ತೆ.

ತಿಪಟೂರು_ಡೀಸೆಲ್

ನಾನೂ ಇದೇ ಗಾಡಿ ಇಟ್ಕೊಂಡಿರೋನು. ಯಾರೂ ಹೇಳ್ದೇ ಇರೋದು ಹೊರಗಿನ ಫ್ಯಾನ್ ಬೆಲ್ಟ್ ಬಗ್ಗೆ. ಅದು ಹಳೇದಾಗಿ ಎಳೆ ಎಳೆಯಾಗಿ ಬಿಚ್ಕೊಂಡ್ರೆ ಆ ದಾರ ಕ್ರ್ಯಾಂಕ್ ಪುಲ್ಲಿ ಹಿಂದೆ ಸುತ್ತಿಕೊಂಡು ಟೈಮಿಂಗ್ ಕವರ್ ಒಳಗೆ ನುಗ್ಗುತ್ತೆ, ಹೊಸ ಟೈಮಿಂಗ್ ಬೆಲ್ಟನ್ನೂ ಹಾಳು ಮಾಡುತ್ತೆ. ಹೆಂಗೂ ಅದನ್ನ ಬಿಚ್ಚಲೇಬೇಕು, ಹೊಸದು ಹಾಕಿಸ್ಬಿಡಿ. ಕ್ರ್ಯಾಂಕ್ ಪುಲ್ಲಿ ಬೋಲ್ಟೂ ಹೊಸದೇ ತಗೊಳ್ಳಿ, ಟಾರ್ಕ್ ಕೊಟ್ಟು ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸೋ ಬೋಲ್ಟು ಅದು, ಒಂದ್ಸಲ ಹಿಗ್ಗಿದ ಮೇಲೆ ಎರಡನೇ ಸಲಕ್ಕೆ ಅದೇ ಹಿಡಿತ ಬರುತ್ತೆ ಅಂತ ನಂಬಕ್ಕಾಗಲ್ಲ.

ಪಂಪ್ ಹಾಕಿದ್ಮೇಲೆ ದಯವಿಟ್ಟು ಬೋರ್‌ವೆಲ್ ನೀರು ತುಂಬಿಸ್ಬೇಡಿ. ನಮ್ಮ ಜಿಲ್ಲೆ ನೀರು ಎಷ್ಟು ಗಡಸು ಅಂತ ಮನೇಲಿ ನೀರು ಕಾಯಿಸೋ ಪಾತ್ರೆ ತಳ ನೋಡಿದ್ರೆ ಗೊತ್ತಾಗುತ್ತೆ, ಬೆಳ್ಳಗೆ ಪದರ ಕಟ್ಟಿರುತ್ತೆ, ರೇಡಿಯೇಟರ್ ಒಳಗೂ ಅದೇ ಆಗೋದು. ಕೂಲೆಂಟ್ ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕ್ಸಿ, ಏರ್ ಪೂರ್ತಿ ತೆಗೆಸಿ.

ಪಾರ್ಟ್ಸ್ ಭಯ ಬೇಡ, ಇದೇ ಎಂಜಿನ್ ಫ್ರಾನ್ಸಿನ ಪ್ಯೂಜೋ, ಸಿಟ್ರೊಯೆನ್ ಗಾಡಿಗಳಲ್ಲೂ ಇರೋದು, ಗೇಟ್ಸ್, ಡೇಕೋ, ಎಸ್‌ಕೆಎಫ್ ಥರದ ಕಂಪನಿಗಳು ಕಿಟ್ ಮಾಡ್ತಾರೆ. ಮಂಡಿಪೇಟೆ ಕಡೆ ಸಿಗ್ಲಿಲ್ಲ ಅಂದ್ರೆ ಬೆಂಗಳೂರು ಜೆಸಿ ರೋಡಲ್ಲಿ ವಿಚಾರಿಸಿ, ಡುಪ್ಲಿಕೇಟ್ ಕಾಟ ಇರೋದ್ರಿಂದ ಬಿಲ್ ಕೊಡೋ ಅಂಗಡೀಲೇ ತಗೊಳ್ಳಿ, ಬಿಲ್ಲಲ್ಲಿ ಪಾರ್ಟ್ ನಂಬರ್ ಬರೆಸ್ಕೊಳ್ಳಿ.

ಕ್ಯಾತ್ಸಂದ್ರ_ಫಿಗೋ

ತುಂಬಾ ಥ್ಯಾಂಕ್ಸ್. ಮೆಕ್ಯಾನಿಕ್ ಅಣ್ಣ, ಆಯಿಲ್ ಸೀಲ್ ಕಥೆ ಏನು? ಮತ್ತೆ ಬೆಲ್ಟ್ ನೋಡಕ್ಕೆ ಚೆನ್ನಾಗೇ ಇದ್ರೆ ಅದನ್ನೇ ವಾಪಸ್ ಹಾಕೋದು ಉಂಟಾ?

ಗುಬ್ಬಿಗೇಟ್_ಮೆಕ್ಯಾನಿಕ್

ಓಡಿರೋ ಬೆಲ್ಟ್ ಬಿಚ್ಚಿದ್ಮೇಲೆ ವಾಪಸ್ ಹಾಕೋ ಮಾತೇ ಇಲ್ಲಣ್ಣ. ರಬ್ಬರ್ ಒಳಗೆ ಗಾಜಿನ ನಾರಿನ ಎಳೆ ಇರ್ತದೆ, ಅದು ಕಡಿದಿದ್ರೂ ಹೊರಗಡೆ ಕಾಣಲ್ಲ. ಹೊಸ ಬೆಲ್ಟನ್ನೂ ಅಷ್ಟೇ, ಮಡಚೋದು ತಿರುಚೋದು ಮಾಡ್ಬಾರ್ದು. ಕಿಲೋಮೀಟರ್ ಕಮ್ಮಿ ಅಂದ್ರೂ ತುಂಬಾ ವರ್ಷ ಆಗಿದ್ರೆ ರಬ್ಬರ್ ಮುಗೀತು, ನಿಮ್ದು ಎರಡೂ ಆಗೈತೆ.

ಸೀಲು, ಕವರ್ ಬಿಚ್ಚಿದಾಗ ನೀವೇ ಟಾರ್ಚ್ ಹಾಕಿ ನೋಡಿ. ಕ್ಯಾಮ್ ಹಿಂದೆ, ಕ್ರ್ಯಾಂಕ್ ಹಿಂದೆ ಧೂಳು ಒಣಗಿದ್ದಂಗೇ ಇದ್ರೆ ಬಿಡಿ, ಧೂಳು ಕಪ್ಪಗೆ ಮೆತ್ತಗೆ ಅಂಟ್ಕೊಂಡಿದ್ರೆ ಎಣ್ಣೆ ಜಿನುಗ್ತೈತೆ ಅಂತ, ಆವಾಗ ಸೀಲ್ ಹಾಕಿಸ್ಲೇಬೇಕು, ಎಣ್ಣೆ ಬಿದ್ದ ಬೆಲ್ಟ್ ಊದ್ಕೊಂಡು ಹಾಳಾಗ್ತದೆ.

ಕೊನೇದಾಗಿ, ಪಾರ್ಟ್ಸ್ ಎಷ್ಟೇ ಒಳ್ಳೇದು ತಂದ್ರೂ ವೈಟ್ನರಲ್ಲಿ ಮಾರ್ಕ್ ಮಾಡಿ ಕೂರಿಸೋರ ಹತ್ರ ಕೊಡ್ಬೇಡಿ. ಫ್ಲೈವೀಲ್‌ಗೆ, ಕ್ಯಾಮ್‌ಗೆ ಅಲ್ಲಾಡದಂಗೆ ಹಿಡಿಯೋ ಲಾಕ್ ಪಿನ್ ಐತಾ ಕೇಳಿ. ಎಲ್ಲಾ ಕೂರಿಸಿದ್ಮೇಲೆ ಪಿನ್ ತೆಗೆದು ಎಂಜಿನ್ನನ್ನ ಕೈಯಲ್ಲೇ ಎರಡು ಸುತ್ತಾದ್ರೂ ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಕೂರ್ತದಾ, ಟೆನ್ಷನರ್ ಮುಳ್ಳು ಜಾಗದಲ್ಲೇ ಐತಾ ನೋಡಿ ಆಮೇಲೇ ಸೆಲ್ಫ್ ಹೊಡೀಬೇಕು. ಮಧ್ಯೆ ಎಲ್ಲಾದ್ರೂ ತಡೆದ್ರೆ ಬಲವಂತ ಮಾಡ್ಬಾರ್ದು.

ಕ್ಯಾತ್ಸಂದ್ರ_ಫಿಗೋ

ಇವತ್ತು ಆ ಗ್ಯಾರೇಜಿಗೆ ಫೋನ್ ಮಾಡಿ ಪಿನ್ ಕೇಳ್ದೆ, ಇಲ್ಲ ಮಾರ್ಕ್ ಮಾಡ್ಕೊಂಡೇ ಹಾಕೋದು ಅಂದ್ರು. ಹಂಗಾಗಿ ಅಲ್ಲಿ ಬೇಡ ಅಂತ ತೀರ್ಮಾನ ಮಾಡ್ದೆ. ಪಂಪ್ ಸಮೇತ ಕಿಟ್, ಫ್ಯಾನ್ ಬೆಲ್ಟ್, ಬೋಲ್ಟ್ ಎಲ್ಲಾ ಶನಿವಾರ ಜೆಸಿ ರೋಡಿಂದ ತರ್ತೀನಿ. ಗುಬ್ಬಿಗೇಟ್ ಅಣ್ಣ, ಮುಂದಿನ ವಾರ ನಿಮ್ಮ ಹತ್ರನೇ ಗಾಡಿ ಬಿಡಬಹುದಾ, ಒಂದು ಮೆಸೇಜ್ ಹಾಕಿ, ಕವರ್ ಬಿಚ್ಚುವಾಗ ನಾನೂ ಬಂದು ನಿಂತ್ಕೋತೀನಿ.