ಡೀಸೆಲ್ ಪಾರ್ಟ್ಸ್ ಮಾಡುವ ಕಂಪನಿಯನ್ನು ಹೊಸ ಎಂ.ಡಿ. ಹೇಗೆ ದಾಟಿಸಬೇಕು?

ಪೀಣ್ಯ_ಸೆಕೆಂಡ್_ಸ್ಟೇಜ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪೀಣ್ಯದ ಒಂದು ಕಂಪನಿಯಲ್ಲಿ 17 ವರ್ಷದಿಂದ ಇದ್ದೇನೆ. ಟರ್ನರ್ ಆಗಿ ಸೇರಿದವನು, ಈಗ ಪ್ರೊಡಕ್ಷನ್ ಮ್ಯಾನೇಜರ್. ಒಟ್ಟು 140 ಜನ. ಡೀಸೆಲ್ ಪಂಪು, ಇಂಜೆಕ್ಟರುಗಳಿಗೆ ಬೇಕಾದ ಸಣ್ಣ ಪಾರ್ಟ್ಸ್ ನಮ್ಮ ಕೆಲಸ. ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ ನಡೆಯುವ ಕೆಲಸ, ನಮ್ಮ ಹುಡುಗರಿಗೆ ಅದರ ಮೇಲೆ ತುಂಬಾ ಹೆಮ್ಮೆ.

2020ರ ಏಪ್ರಿಲ್ 1ಕ್ಕೆ ಬಿಎಸ್-6 (ವಾಹನದ ಹೊಗೆಯ ಬಿಗಿ ನಿಯಮ) ಬಂತು, ಅದೇ ದಿನದಿಂದ ಮಾರುತಿಯವರು ಡೀಸೆಲ್ ಕಾರು ನಿಲ್ಲಿಸಿದರು. ನಿಲ್ಲಿಸುತ್ತೇವೆ ಅಂತ ಒಂದು ವರ್ಷ ಮೊದಲೇ ಹೇಳಿದ್ದರು. ನಾವೂ ಪೇಪರಿನಲ್ಲಿ ಓದಿದ್ದೆವು. ಲಾರಿ, ಟ್ರ್ಯಾಕ್ಟರ್ ಇರುವ ತನಕ ನಮಗೇನು ತೊಂದರೆ ಅಂತ ಸುಮ್ನೆ ಇದ್ದುಬಿಟ್ಟೆವು. ಈಗಲೂ ಲಾರಿ ಆರ್ಡರ್ ಬರುತ್ತಿದೆ, ನಷ್ಟ ಏನಿಲ್ಲ. ಆದರೆ ಹೊಸ ಡ್ರಾಯಿಂಗ್, ಅಂದರೆ ಹೊಸ ಪಾರ್ಟ್ ಮಾಡಿಕೊಡಿ ಅಂತ ಗಿರಾಕಿ ಕಳಿಸುವ ನಕ್ಷೆ, ಬರುವುದೇ ಕಮ್ಮಿ ಆಗಿದೆ. ಈ ಲೈನಿನಲ್ಲಿ ಇರುವವರಿಗೆ ಅದರ ಅರ್ಥ ಗೊತ್ತು.

ಹಳೇ ಸಾಹೇಬರು ಹೋದ ವರ್ಷ ರಿಟೈರ್ ಆದರು. ಈಗ ಅವರ ಮಗಳೇ ಎಂ.ಡಿ. ಬಂದ ಮೂರನೇ ತಿಂಗಳಿಗೆ ಶಾಪ್ ಫ್ಲೋರಿನಲ್ಲೇ ಎಲ್ಲರನ್ನೂ ನಿಲ್ಲಿಸಿ ಮಾತಾಡಿದರು. ಈ ಕೆಲಸ ಐದಾರು ವರ್ಷದಲ್ಲಿ ಅರ್ಧಕ್ಕೆ ಇಳಿಯಬಹುದು, ಹೈಡ್ರಾಲಿಕ್ ವಾಲ್ವ್ ಮತ್ತು ಮೂಳೆಗೆ ಹಾಕುವ ಸ್ಕ್ರೂ ಪ್ಲೇಟುಗಳ ಕಡೆ ಹೋಗೋಣ, ಕಲಿಯಬೇಕಾಗುತ್ತೆ ಅಂದರು. ಮಾತು ಚೆನ್ನಾಗಿಯೇ ಇತ್ತು. ಆದರೆ ಆಮೇಲೆ ಟೀ ಹೊತ್ತಿನಲ್ಲಿ ಗುಸುಗುಸು ಶುರುವಾಯಿತು. ಒಂದೇ ತಿಂಗಳಲ್ಲಿ ಇಬ್ಬರು ಒಳ್ಳೆ ಸೆಟ್ಟರ್‌ಗಳು (ಕೆಲಸಕ್ಕೆ ತಕ್ಕ ಹಾಗೆ ಮೆಷಿನ್ ಹೊಂದಿಸುವವರು) ಬಿಟ್ಟು ಹೋದರು. ಡೈರೆಕ್ಟರ್ ಆಗಿರುವ ಅವರ ಚಿಕ್ಕಪ್ಪ, ಹೊಸ ಆರ್ಡರ್ ಕೈಗೆ ಬರುವ ಮೊದಲು ಬಾಯಿ ಬಿಡಲೇಬಾರದಿತ್ತು ಅಂತ ಕೋಪ ಮಾಡಿಕೊಂಡಿದ್ದಾರೆ.

ಮೇಡಂ ನನ್ನ ಅಭಿಪ್ರಾಯ ಬರೆದುಕೊಡಿ ಅಂದಿದ್ದಾರೆ. ಇಂಥ ಹೊತ್ತಿನಲ್ಲಿ ಕಂಪನಿ ನಡೆಸುವವರು ಮೊದಲು ಸತ್ಯ ಹೇಳಬೇಕಾ, ಅಥವಾ ಹೊಸ ಕೆಲಸ ಕುದುರಿದ ಮೇಲೆ ಹೇಳಬೇಕಾ? ದೊಡ್ಡ ಕಂಪನಿಗಳಲ್ಲಿ ಇದು ಹೇಗೆ ನಡೆದಿದೆ? ಗೊತ್ತಿರುವವರು ತಿಳಿಸಿ.

ಜಾಲಹಳ್ಳಿ_ಈಸ್ಟ್

ನಮಸ್ಕಾರ ಸರ್. ನಾನು ರಿಟೈರ್ ಆಗಿ ಆರು ವರ್ಷ. ಬದುಕೆಲ್ಲ ಮೆಷಿನ್ ಶಾಪಿನಲ್ಲೇ ಕಳೆದವನು.

ನಮ್ಮ ಊರಿನದೇ ಕಥೆಯಿಂದ ಶುರು ಮಾಡುತ್ತೇನೆ. ಎಚ್‌ಎಂಟಿ 1953ರಲ್ಲಿ ಮೆಷಿನ್ ಟೂಲ್ ಮಾಡಲು ಹುಟ್ಟಿದ ಕಂಪನಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲೇ ವಾಚ್ ಶುರು ಮಾಡಿದರು. ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಮದುವೆಗೂ ಎಚ್‌ಎಂಟಿ. ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚ್ ಬಂತು. ಕೀ ಕೊಡುವ ಕೆಲಸವೇ ಇಲ್ಲ, ಟೈಮ್ ಕೂಡ ಕರಾರುವಾಕ್ಕು. ಎಚ್‌ಎಂಟಿಯವರಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದು ತಪ್ಪು. ಅವರೂ ಕ್ವಾರ್ಟ್ಜ್ ಮಾಡಿದ್ದರು. ಆದರೆ ಕಂಪನಿಯ ಜನ, ಮೆಷಿನ್, ಮನಸ್ಸು ಎಲ್ಲ ಮೆಕಾನಿಕಲ್ ವಾಚಿನ ಸುತ್ತಲೇ ಇತ್ತು. 1984ರಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ಸಂಸ್ಥೆ ಜೊತೆ ಸೇರಿ ಟೈಟಾನ್ ಶುರು ಮಾಡಿದರು. ಹೊಸೂರಿನಲ್ಲಿ ಫ್ಯಾಕ್ಟರಿ. ಕ್ಸರ್ಕ್ಸಿಸ್ ದೇಸಾಯಿ ಅದರ ಮೊದಲ ಎಂ.ಡಿ., ಅವರು ಕ್ವಾರ್ಟ್ಜ್ ಅನ್ನೇ ನೆಚ್ಚಿಕೊಂಡರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಈಗ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ಇದೆ. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ, ಆ ವಾಚುಗಳ ಮುಂದೆ ನಿಂತಾಗ ಗಂಟಲು ಕಟ್ಟಿತು.

ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಎಚ್‌ಎಂಟಿ ಸರ್ಕಾರದ ಕಂಪನಿ, ಅದರ ಮುಖ್ಯಸ್ಥರು ಎಷ್ಟೋ ತೀರ್ಮಾನಕ್ಕೆ ದೆಹಲಿಯ ಕಡೆ ನೋಡಬೇಕಿತ್ತು. ದೇಸಾಯಿಯವರಿಗೆ ಬಿಡಬೇಕಾದ ಹಳೇ ಫ್ಯಾಕ್ಟರಿಯೇ ಇರಲಿಲ್ಲ. ನಿಮ್ಮ ಮೇಡಂ ಪಾಡು ಇವರಿಬ್ಬರ ಮಧ್ಯೆ ಇದೆ. ಹಳೆಯದೂ ಇದೆ, ತೀರ್ಮಾನ ಮಾಡುವ ಅಧಿಕಾರವೂ ಇದೆ. ಹಾಗಾಗಿ ಅವರು ಬೇಗ ಬಾಯಿ ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಇಬ್ಬರು ಸೆಟ್ಟರ್ ಹೋದರು ಅಂದಿರಿ. ಹೇಳಿದ್ದಕ್ಕೇ ಹೋದರಾ, ಅಥವಾ ಹೇಳಿದ ಮೇಲೆ ಒಂದು ತಿಂಗಳು ಯಾರೂ ಏನೂ ಹೇಳಲಿಲ್ಲ ಅಂತ ಹೋದರಾ? ಇದನ್ನು ಸ್ವಲ್ಪ ಯೋಚನೆ ಮಾಡಿ.

ಬಸವನಗುಡಿ_ಲೆಕ್ಕ

ಜಾಲಹಳ್ಳಿ ಸರ್ ಮಾತು ಒಪ್ಪುತ್ತೇನೆ. ನಾನು ಸಿಎ, ಸಣ್ಣ ಕಂಪನಿಗಳ ಲೆಕ್ಕ ನೋಡುತ್ತೇನೆ. ದುಡ್ಡಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಟೆಕ್ನಾಲಜಿ ಬದಲಾದಾಗ ಕಂಪನಿ ಸಾಯುವುದು ಹೊಸದು ಗೊತ್ತಾಗದೆ ಅಲ್ಲ. ಹೊಸದನ್ನು ಸಾಕಲು ದುಡ್ಡು ಇಲ್ಲದೆ ಸಾಯುತ್ತದೆ. ಹಳೇ ಹಸು ಹಾಲು ಕೊಡುತ್ತಿರುವಾಗಲೇ ಕರು ಸಾಕಬೇಕು. ವಿಪ್ರೋ ನೋಡಿ. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿಯವರಿಗೆ 21 ವರ್ಷ, ಓದು ಅರ್ಧಕ್ಕೆ ಬಿಟ್ಟು ಬಂದು ಅಡುಗೆ ಎಣ್ಣೆ ಕಂಪನಿ ಹಿಡಿದರು. ವಿದೇಶಿ ಪಾಲು ಇಳಿಸಬೇಕು ಅನ್ನುವ ನಿಯಮಕ್ಕೆ ಒಪ್ಪದೆ 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಆ ಜಾಗ ಖಾಲಿ ಇದೆ ಅಂತ ಇವರು ಕಂಪ್ಯೂಟರ್ ಮಾಡಲು ಇಳಿದರು. ಆದರೆ 1991ರಲ್ಲಿ ಮಾರುಕಟ್ಟೆ ತೆರೆಯಿತು, ಹೊರಗಿನ ಕಂಪ್ಯೂಟರ್ ಕಂಪನಿಗಳು ಬಂದವು. ಕಟ್ಟಿದ ವ್ಯಾಪಾರಕ್ಕೇ ಏಟು ಬಿತ್ತು. ಆಗ ಕಂಪ್ಯೂಟರ್ ಡಿಸೈನ್ ಮಾಡುತ್ತಿದ್ದ ಇಂಜಿನಿಯರ್‌ಗಳನ್ನು ಮನೆಗೆ ಕಳಿಸಲಿಲ್ಲ. ಅದೇ ಕೈಕೆಲಸವನ್ನು ಬೇರೆ ದೇಶದ ಕಂಪನಿಗಳಿಗೆ ಸೇವೆಯಾಗಿ ಮಾರಿದರು. ಇಷ್ಟೆಲ್ಲ ನಡೆಯುವಾಗ ಸೋಪು, ಎಣ್ಣೆ ಬಿಟ್ಟಿರಲಿಲ್ಲ ಅನ್ನುವುದನ್ನೂ ನೆನಪಿಡಿ. ಸಂತೂರ್ ಸೋಪು ಇವತ್ತಿಗೂ ನಮ್ಮ ಬಚ್ಚಲಲ್ಲಿದೆ ಅಲ್ವಾ?

ಇನ್ನೊಂದು ಬಯೋಕಾನ್. 1978ರಲ್ಲಿ ಕಿರಣ್ ಮಜುಂದಾರ್ ಷಾ ಅವರು ಇಲ್ಲೇ ಒಂದು ಗ್ಯಾರೇಜಿನಲ್ಲಿ ಶುರು ಮಾಡಿದ್ದು ಎನ್‌ಜೈಮ್ ಕೆಲಸ, ಪರಂಗಿಕಾಯಿ ಹಾಲಿನಿಂದ ಪಪೈನ್ ತೆಗೆಯುವುದು. ಆಮೇಲೆ ಔಷಧಿ ಕಡೆ ಹೊರಳಿದರು. 2007ರಲ್ಲಿ ಆ ಎನ್‌ಜೈಮ್ ವ್ಯಾಪಾರವನ್ನೇ ಡೆನ್ಮಾರ್ಕಿನ ನೋವೊಜೈಮ್ಸ್‌ಗೆ ಮಾರಿದರು. ಕಂಪನಿ ಹುಟ್ಟಿದ್ದೇ ಆ ಕೆಲಸದಿಂದ, ಯೋಚಿಸಿ. ಚೆನ್ನಾಗಿ ನಡೆಯುತ್ತಿರುವಾಗ ಮಾರಿದರೆ ಬೆಲೆ ಬರುತ್ತದೆ, ಕುಸಿದ ಮೇಲೆ ಗುಜರಿ ರೇಟು.

ನಿಮಗೆ ಸಲಹೆ ಅಂದರೆ, ಮೇಡಂಗೆ ಒಂದೇ ಹಾಳೆ ಕೊಡಿ. ಡೀಸೆಲ್ ಕೆಲಸದಿಂದ ತಿಂಗಳಿಗೆ ಕೈಗೆ ಎಷ್ಟು ಉಳಿಯುತ್ತದೆ, ಅದರಲ್ಲಿ ಎಷ್ಟು ಹೊಸ ಕೆಲಸಕ್ಕೆ ಮೀಸಲು. ಬ್ಯಾಂಕಿನ ಸಿಸಿ ಲಿಮಿಟ್ ಎಳೆದು ಹೊಸ ಮೆಷಿನ್ ತರಬೇಡಿ. ಅದು ದಿನದ ಖರ್ಚಿಗೆ ಇರುವ ದುಡ್ಡು, ಮೆಷಿನ್‌ಗೆ ಟರ್ಮ್ ಲೋನ್ ಬೇರೆ ಇದೆ. ಇದೇ ತಪ್ಪಿನಿಂದ ಮುಚ್ಚಿದ ಎರಡು ಕಂಪನಿಗಳ ಕೊನೆಯ ಲೆಕ್ಕ ನಾನೇ ಬರೆದಿದ್ದೇನೆ. ಎರಡರಲ್ಲೂ ಕೆಲಸ ಒಳ್ಳೆಯದೇ ಇತ್ತು, ಯಜಮಾನರೂ ಒಳ್ಳೆಯವರೇ.

ಸಿಲ್ಕ್_ಬೋರ್ಡ್_ದಾಟಿ

ನಾನು ಐಟಿಯವನು, ಶಾಪ್ ಫ್ಲೋರ್ ಗೊತ್ತಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉಲ್ಟಾ ಅನುಭವ ಇದೆ. ನಮ್ಮಲ್ಲಿ ಮೇಲಿನವರು ಏನೂ ಹೇಳಲಿಲ್ಲ. ಎಐ ಬಂದ ಮೇಲೆ ಟೆಸ್ಟಿಂಗ್ ಟೀಮ್ ಏನಾಗುತ್ತೆ ಅಂತ ಪ್ರತಿ ಮೀಟಿಂಗಿನಲ್ಲೂ ಕೇಳಿದೆವು. ಪ್ರತಿ ಸಲವೂ ನಗುನಗುತ್ತಾ ಎಲ್ಲ ಚೆನ್ನಾಗಿದೆ ಅಂದರು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ 30 ಜನರ ಲಾಗಿನ್ ಬಂದ್. ನನ್ನ ಪಕ್ಕದ ಸೀಟಿನವರಿಗೆ ಹನ್ನೊಂದು ತಿಂಗಳ ಮಗು ಇತ್ತು. ಅವರಿಗೆ ಆರು ತಿಂಗಳು ಮೊದಲು ಹೇಳಿದ್ದರೆ ಬೇರೆ ಏನಾದರೂ ಕಲಿಯುತ್ತಿದ್ದರು. ಉಳಿದ ನಾವು ಇವತ್ತಿಗೂ ಮೇಲಿನವರ ಒಂದು ಮಾತನ್ನೂ ನಂಬುವುದಿಲ್ಲ. ಹಾಗಾಗಿ ನಿಮ್ಮ ಮೇಡಂ ನಿಂತು ಹೇಳಿದ್ದು ದೊಡ್ಡ ಕೆಲಸ, ದಯವಿಟ್ಟು ಅದನ್ನು ಅವರಿಗೆ ತಿಳಿಸಿ.

ಹೊರಗಿನ ಉದಾಹರಣೆ ಕೇಳಿದ್ದಕ್ಕೆ ಒಂದು ಕಥೆ. 1985ರಲ್ಲಿ ಇಂಟೆಲ್ ಮೆಮೊರಿ ಚಿಪ್‌ನಲ್ಲಿ ಜಪಾನಿನವರ ಮುಂದೆ ಸೋಲುತ್ತಿತ್ತು. ಸಿಇಒ ಗಾರ್ಡನ್ ಮೂರ್, ಪ್ರೆಸಿಡೆಂಟ್ ಆಂಡಿ ಗ್ರೋವ್. ನಮ್ಮಿಬ್ಬರನ್ನೂ ತೆಗೆದು ಹೊಸಬರನ್ನು ಕೂರಿಸಿದರೆ ಅವರು ಏನು ಮಾಡುತ್ತಾರೆ ಅಂತ ಗ್ರೋವ್ ಕೇಳಿದರು. ಮೆಮೊರಿ ಬಿಟ್ಟುಬಿಡುತ್ತಾರೆ ಅಂದರು ಮೂರ್. ಹಾಗಾದರೆ ಅದನ್ನು ನಾವೇ ಯಾಕೆ ಮಾಡಬಾರದು ಅಂತ ಬಿಟ್ಟೇಬಿಟ್ಟರು, ಮೈಕ್ರೋಪ್ರೊಸೆಸರ್ ಕಡೆ ಹೋದರು. ಈ ಭಾಗ ಎಲ್ಲರೂ ಹೇಳುತ್ತಾರೆ. ನಿಮಗೆ ಬೇಕಾದ ಭಾಗ ಬೇರೆ ಇದೆ. ಮೇಲಿನವರು ತೀರ್ಮಾನ ಮಾಡುವ ಮೊದಲೇ ಅಲ್ಲಿನ ಪ್ರೊಡಕ್ಷನ್ ಪ್ಲಾನಿಂಗ್‌ನವರು ಯಾವ ಚಿಪ್ಪಿನಲ್ಲಿ ಉಳಿತಾಯ ಜಾಸ್ತಿಯೋ ಅದಕ್ಕೇ ಲೈನ್ ಕೊಡುತ್ತಾ ಬಂದಿದ್ದರು. ಅಷ್ಟು ಹೊತ್ತಿಗೆ ಮೆಮೊರಿ ಕೆಲಸ ಆಗಲೇ ಕುಗ್ಗಿತ್ತು. ಅಂದರೆ ನಿಮ್ಮಂಥ ಸೀಟಿನಲ್ಲಿ ಕೂತವರು ದಾರಿ ಮಾಡಿದ್ದರು. ಹಾಗಂತ ನೋವಿಲ್ಲದೆ ಆಗಲಿಲ್ಲ, ಸಾವಿರಾರು ಜನರ ಕೆಲಸ ಹೋಯಿತು. ಮುಂದೆ ಅದೇ ಇಂಟೆಲ್ ಮೊಬೈಲ್ ಚಿಪ್‌ನಲ್ಲಿ ಹಿಂದೆ ಬಿತ್ತು. ಒಂದು ಸಲ ದಾಟಿದವರು ಎಲ್ಲ ಸಲವೂ ದಾಟುತ್ತಾರೆ ಅಂತ ಏನಿಲ್ಲ.

ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲಾ 2014ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಿಇಒ ಆದರು. ಮರುತಿಂಗಳೇ ಆಪಲ್ ಐಪ್ಯಾಡಿಗೆ ಮೈಕ್ರೋಸಾಫ್ಟಿನ ಆಫೀಸ್ (ವರ್ಡ್, ಎಕ್ಸೆಲ್) ಬಂತು. ಎದುರಾಳಿಯ ಮನೆಗೆ ನಮ್ಮ ಸಾಮಾನು ಕೊಡೋದಾ ಅನ್ನುವ ಹಠ ಬಿಟ್ಟರು. ನೋಕಿಯಾ ಫೋನ್ ವ್ಯಾಪಾರ ಕೊಂಡದ್ದು ಮುಳುಗಿತು, 2015ರಲ್ಲಿ 7.6 ಬಿಲಿಯನ್ ಡಾಲರ್ ನಷ್ಟ ಅಂತ ಬರೆದುಬಿಟ್ಟರು. ಅಲ್ಲೂ ಸಾವಿರಾರು ಜನ ಕೆಲಸ ಕಳೆದುಕೊಂಡರು. ಒಳ್ಳೆ ಸಿಇಒ ಅಂತ ಹೊಗಳುವಾಗ ನಾವು ಆ ಜನರನ್ನು ಮರೆಯುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ.

ಆರ್‌ಟಿ_ನಗರ_ಇವಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಬೇಗ ಹೋಗಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ರೇವಾ ಕಾರು ಮರೆತಿರಾ? 2001ರಲ್ಲಿ ಇದೇ ಬೆಂಗಳೂರಿನ ರಸ್ತೆಗೆ ಚೇತನ್ ಮೈನಿಯವರು ಎಲೆಕ್ಟ್ರಿಕ್ ಕಾರು ಇಳಿಸಿದರು. ಕಂಡದ್ದು ಸರಿಯಾಗಿಯೇ ಇತ್ತು. ಆದರೆ ಲೆಡ್ ಆಸಿಡ್ ಬ್ಯಾಟರಿ, ಚಾರ್ಜ್ ಮಾಡುವ ಜಾಗ ಇಲ್ಲ, ಜನರೂ ತಯಾರಿಲ್ಲ. 2010ರಲ್ಲಿ ಕಂಪನಿ ಮಹೀಂದ್ರ ಕೈ ಸೇರಿತು. ದಿಕ್ಕು ಸರಿ ಇದ್ದರೆ ಸಾಲದು, ಹೊತ್ತೂ ಕೂಡಿಬರಬೇಕು.

ಮೂಳೆ ಸ್ಕ್ರೂ ಅಂದಿರಿ. ಟೈಟಾನಿಯಂ ಕತ್ತರಿಸುವುದು ನಿಮ್ಮ ಸ್ಟೀಲಿನ ಹಾಗಲ್ಲ. ಬಿಸಿ ಟೂಲಿನ ತುದಿಯಲ್ಲೇ ನಿಲ್ಲುತ್ತದೆ, ಟೂಲ್ ಬೇಗ ಹೋಗುತ್ತದೆ. ಅದರ ಮೇಲೆ ಮೆಡಿಕಲ್ ಸರ್ಟಿಫಿಕೇಟ್, ಪ್ರತಿ ಬ್ಯಾಚಿನ ದಾಖಲೆ. ವರ್ಷಗಳು ಹಿಡಿಯುತ್ತವೆ. ಹೈಡ್ರಾಲಿಕ್ ವಾಲ್ವಿನ ಸ್ಪೂಲ್ (ಎಣ್ಣೆಯ ದಾರಿ ತೆರೆದು ಮುಚ್ಚಲು ಒಳಗೆ ಜಾರುವ ಕಡ್ಡಿ) ಮಾತ್ರ ನಿಮಗೆ ನಾಳೆಯೇ ಆಗುವ ಕೆಲಸ. ಅದೇ ಮೈಕ್ರಾನ್, ಅದೇ ಗ್ರೈಂಡಿಂಗ್. ಮೊದಲು ಅದು ನಿಲ್ಲಲಿ.

ಪೀಣ್ಯ_ಸೆಕೆಂಡ್_ಸ್ಟೇಜ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾಲಹಳ್ಳಿ ಸರ್ ಪ್ರಶ್ನೆ ಮನಸ್ಸಿನಲ್ಲೇ ಕೊರೆಯುತ್ತಿತ್ತು, ಬಿಟ್ಟು ಹೋದ ಒಬ್ಬ ಸೆಟ್ಟರ್‌ಗೆ ನಿನ್ನೆ ರಾತ್ರಿ ಫೋನ್ ಮಾಡಿದೆ. ಮೇಡಂ ಹೇಳಿದ್ದು ಇಷ್ಟವಾಯಿತು ಸರ್, ಆದರೆ ನನ್ನ ಮೆಷಿನ್ ಉಳಿಯುತ್ತಾ ಹೋಗುತ್ತಾ ಅಂತ ಯಾರೂ ಹೇಳಲಿಲ್ಲ, ಮನೆಯಲ್ಲಿ ಇಎಂಐ ಇದೆ ಅಂದ. ಅವನದು ಗ್ರೈಂಡಿಂಗ್ ಸೆಕ್ಷನ್! ಸ್ಪೂಲ್ ಕೆಲಸಕ್ಕೆ ಮೊದಲು ಬೇಕಾಗುವವನೇ ಅವನು. ಅದನ್ನು ಅವನಿಗೆ ಹೇಳಬೇಕಾಗಿದ್ದವನು ನಾನು. ಮೇಡಂ ಅಷ್ಟು ದೊಡ್ಡ ಮಾತು ಆಡಿದ ಮೇಲೆ ಪ್ರತಿ ಸೆಕ್ಷನ್‌ಗೆ ಅದರ ಅರ್ಥ ಏನು ಅಂತ ಬಿಡಿಸಿ ಹೇಳುವ ಕೆಲಸ ನನ್ನದೇ ಇತ್ತು, ಮಾಡಲಿಲ್ಲ.

ಶನಿವಾರದ ಹೊತ್ತಿಗೆ ಪ್ರತಿ ಮೆಷಿನ್ ಹೆಸರು ಬರೆದು, ಇದು ಡೀಸೆಲ್‌ಗೆ ಇರುತ್ತದೆ, ಇದು ವಾಲ್ವ್‌ಗೆ ಹೋಗುತ್ತದೆ, ಇದು ಇನ್ನೂ ತೀರ್ಮಾನ ಆಗಿಲ್ಲ ಅಂತ ಬೋರ್ಡಿಗೆ ಹಾಕೋಣ ಅಂತ ಮೇಡಂಗೆ ಬರೆಯುತ್ತಿದ್ದೇನೆ. ಬಸವನಗುಡಿ ಮೇಡಂ ಹೇಳಿದ ಒಂದು ಹಾಳೆಯೂ ಜೊತೆಗೆ. 12 ಜನರನ್ನು ರಾಜಾಜಿನಗರದ ಜಿಟಿಟಿಸಿಗೆ (ಸರ್ಕಾರದ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಟ್ರೈನಿಂಗಿಗೆ ಕಳಿಸುವ ಯೋಚನೆ ಇದೆ. ಒಂದೇ ತೊಡಕು. ಟ್ರೈನಿಂಗ್ ವಾರಗಳಲ್ಲಿ ಓಟಿ ಇರುವುದಿಲ್ಲ, ಓಟಿ ಇಲ್ಲದೆ ನಮ್ಮ ಹುಡುಗರ ಮನೆ ನಡೆಯುವುದಿಲ್ಲ. ಇದಕ್ಕೆ ಯಾರಾದರೂ ದಾರಿ ಕಂಡಿದ್ದೀರಾ?

ಜಾಲಹಳ್ಳಿ_ಈಸ್ಟ್

ನಾವು ಕೈ ಲೇತಿನಿಂದ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ಗೆ ಹೋದಾಗ ಇದೇ ತೊಡಕು ಬಂದಿತ್ತು. ಹಿಂದಿನ ಮೂರು ತಿಂಗಳ ಓಟಿ ಸರಾಸರಿ ತೆಗೆದು, ಟ್ರೈನಿಂಗ್ ಮುಗಿಯುವ ತನಕ ಅಷ್ಟನ್ನು ಸಂಬಳದ ಜೊತೆ ಕೊಟ್ಟರು. ಯೂನಿಯನ್ ಕೂಡ ಸಹಿ ಹಾಕಿತು. 50 ದಾಟಿದವರನ್ನೂ ಬಿಡದೆ ಕಳಿಸಿ ಸರ್. ನಾನು ಸಿಎನ್‌ಸಿ ಪ್ರೋಗ್ರಾಂ ಕಲಿತಾಗ ನನಗೆ 44, ಕಲಿಸಿದ ಹುಡುಗನಿಗೆ 23. ಆ ಗ್ರೈಂಡಿಂಗ್ ಹುಡುಗನಿಗೆ ಇವತ್ತೇ ಇನ್ನೊಂದು ಸಲ ಫೋನ್ ಮಾಡಿ, ಬೇರೆ ಕಡೆ ಸೇರಿ ತಿಂಗಳಾದ ಮೇಲೆ ವಾಪಸ್ ಕರೆಯುವುದು ಕಷ್ಟ.