ಹಾಲಿನ್ಯಾಗ ಮೆಣಸಿನಕಾಯಿ

"ಹಾಲಿನ್ಯಾಗ ಮೆಣಸಿನಕಾಯಿ ಹಚ್ಚೇನಿ, ನೋಡಾಕ ಬಾ" ಅಂತ ಬಸ್ಯಾ ಫೋನ್ ಮಾಡಿದಾಗ ನಾ ಮೊದಲ ಕೇಳಿದ್ದು, "ಯಾಕಲೇ, ಹೊಟ್ಟಿ ಕೆಟ್ಟೈತೇನು?" ಅಂತ. ಆಮ್ಯಾಲೆ ತಿಳೀತು, ಅದು ಕುಡಿಯೋ ಹಾಲಲ್ಲ, ಸೋಫಾ ಇಡೋ ಹಾಲು. ಹುಬ್ಬಳ್ಳಿ ವಿದ್ಯಾನಗರದಾಗ ಮೂರನೇ ಮಜಲಿನ ಫ್ಲ್ಯಾಟು. ಹಿತ್ತಲಿಲ್ಲ, ಅಂಗಳಿಲ್ಲ, ಮಾಳಗಿ ಮ್ಯಾಲೆ ಹೋಗಬೇಕಂದ್ರ ಸೊಸಾಯಿಟಿ ಕಾರ್ಯದರ್ಶಿ ಹತ್ರ ಕೀಲಿ ಬೇಡಬೇಕು. ಅದಕ್ಕ ಬಸ್ಯಾ ಒಕ್ಕಲುತನಾನ್ನ ಮನಿಯೊಳಗ ತಂದಾನ.

ನಾನು, ಮಾಸ್ತರು ಧಾರವಾಡದಿಂದ ಚಿಗರಿ ಬಸ್ಸಿಗೆ ಹೊಂಟಿವಿ. ಮಾಸ್ತರು ಅಂದ್ರ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸಿ ರಿಟಾಯರ್ ಆದವರು. ಈಗ ಹುಡುಗುರು ಸಿಗೂದಿಲ್ಲಂತ ನಮಗ ಕಲಿಸ್ತಾರ. ಆಷಾಢದ ಜಿಟಿಜಿಟಿ ಮಳಿ. ಉಣಕಲ್ಲ ಕೆರಿ ದಾಟೂತನಕ ಸಸ್ಯಶಾಸ್ತ್ರ ಕೇಳಿ ನನಗ ಗಿರ್ಮಿಟ್ಟಿನ ನೆನಪು ಬರಾಕ ಹತ್ತಿತ್ತು.

ಬಾಗಿಲಾ ತಗದ ಕೂಡ್ಲೆ ಕಂಡದ್ದು, ಸೋಫಾ ಗ್ವಾಡಿಗೆ ಸರದೈತಿ, ಟೀವಿ ನೆಲದ ಮ್ಯಾಲೆ ಕುಂತೈತಿ, ಕಿಡಕಿ ಕಟ್ಟಿ ಮ್ಯಾಲೆ ಏಳು ಕುಂಡ. ನಡುವಿನ ಕುಂಡದಾಗ ಒಂದು ಗಿಡ. ಒಂದೂವರಿ ಫೂಟು ಉದ್ದ, ಎಲಿ ಎಣಿಸಿ ಆರು. ಕಿಡಕಿ ಕಡೆ ಹಿಂಗ ಬಾಗಿತ್ತಂದ್ರ, ಎದುರಿನ ಮನ್ಯಾಗ ಏನು ಜಗಳಾ ನಡದೈತಿ ಅಂತ ಹಣಿಕಿ ಹಾಕಿ ನೋಡಿದಂಗ.

"ಬ್ಯಾಡಗೀದು!" ಅಂದ ಬಸ್ಯಾ, ಎದಿ ಉಬ್ಬಿಸಿ. "ಬೀಜ ಬ್ಯಾಡಗಿ ಪ್ಯಾಟ್ಯಾಗಿಂದ ತಂದೇನಿ."

"ಕಡ್ಡಿಯೋ, ಡಬ್ಬಿಯೋ?" ಮಾಸ್ತರು ಕೇಳಿದರು. ಬ್ಯಾಡಗಿ ಮೆಣಸಿನಕಾಯ್ಯಾಗ ಉದ್ದಾಗಿ ಸುಕ್ಕಾದದ್ದು ಕಡ್ಡಿ, ಗಿಡ್ಡಾಗಿ ದಪ್ಪಾದದ್ದು ಡಬ್ಬಿ.

"ಬೀಜ ಡಬ್ಬೀದ್ರೀ," ಅಂತ ಬಾಜೂಮನಿ ಶಾಂತಕ್ಕ ಒಳಗ ಬಂದಕಿನ ಅಂದ್ಲು, "ಗಿಡ ಮಾತ್ರ ಕಡ್ಡಿ ಆಗೇತಿ."

ಬಸ್ಯಾ ಸಿಟ್ಟಾಗಲಿಲ್ಲ. "2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದ್ರ ಭೌಗೋಳಿಕ ಗುರುತು ಕೊಟ್ಟಾರ, ಗೊತ್ತೈತಿಲ್ಲೋ? ಅಂಥಾ ಬೆಳಿ ನನ್ನ ಹಾಲಿನ್ಯಾಗೈತಿ."

"ಅದು ಊರಿಗೆ ಕೊಡೋ ಗುರುತಲೇ, ಸೋಫಾಕ್ಕಲ್ಲ," ಅಂದೆ.

ಮಾಸ್ತರು ಚಸ್ಮಾ ಏರಿಸಿ ಗಿಡದ ಸುತ್ತ ಒಂದು ಪ್ರದಕ್ಷಿಣಿ ಹಾಕಿದರು. "ಬಸವರಾಜಾ, ಈ ಗಿಡಕ್ಕ ಹೊಟ್ಟಿಗಿಲ್ಲ. ಅನ್ನ ಅಂದ್ರ ಗೊಬ್ಬರ ಅಲ್ಲ, ಬೆಳಕು. ನೆಳ್ಳಿನ ಮಗ್ಗಲಿಗೆ ಆಕ್ಸಿನ್ ಅನ್ನೋ ರಸ ಜಾಸ್ತಿ ಸೇರತದ, ಆ ಮಗ್ಗಲು ಲಗೂ ಉದ್ದಾಗತದ, ಅದಕ್ಕ ಗಿಡ ಬೆಳಕಿನ ಕಡೆ ಬಾಗತದ. ದಿನಾ ಕುಂಡಾ ಕಾಲುಸುತ್ತು ತಿರುಗಿಸು."

"ಬೆಳಕಿಲ್ಲಂದ್ರ ಹೆಂಗ್ರೀ? ವಿಡಿಯೋದಾಗ ಹೇಳಿದ್ರು, ದಕ್ಷಿಣದ ಕಿಡಕಿ ಎಲ್ಲಾಕಿಂತ ಚಲೋ ಅಂತ. ಅದಕ್ಕ ಟೀವಿ ಕೆಳಗಿಳಿಸೇನಿ. ನಮ್ಮವ್ವ ಯಮನ ದಿಕ್ಕಿಗೆ ಗಿಡ ಹಚ್ಚಬ್ಯಾಡ ಅಂತ ಎಂಟು ದಿನ ಮಾತು ಬಿಟ್ಟಿದ್ಲು."

ಮಾಸ್ತರು ನಗಾಕ ಹತ್ತಿದರು. ಅವರು ನಕ್ಕರ ನಮಗ ಅಂಜಿಕಿ, ಯಾಕಂದ್ರ ಅದರ ಹಿಂದ ಪಾಠ ಬರತದ. ಆದ್ರ ಈ ಪಾಠ ಖರೇನ ಮಜಾ ಇತ್ತು. ವಿಡಿಯೋದಂವ ಇರೋದು ಅಮೆರಿಕಾದಾಗೋ, ಯೂರೋಪಿನ್ಯಾಗೋ. ಅಲ್ಲಿ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕ ಇರತಾನ. ನಮ್ಮ ಹುಬ್ಬಳ್ಳಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಾಗ. ಮೇ ಸುರುವಾತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕ ಹೋಗಿಬಿಡತಾನ, ತಿರುಗಿ ಬರೋದು ಆಗಸ್ಟಿನ ಎರಡನೇ ವಾರಕ್ಕ. ನಡುವಿನ ಮೂರು ತಿಂಗಳು ಮಧ್ಯಾಹ್ನದ ಬಿಸಿಲು ಬರೋದಿದ್ರ ಉತ್ತರದ ಕಿಡಕೀಲೆ. ದಕ್ಷಿಣದ ಕಿಡಕಿ ನಮಗ ಕಾರ್ತೀಕ ಮಾಸದಿಂದ ಮುಂದ, ಚಳಿಗಾಲಕ್ಕ ಚಲೋ.

"ಅಂದ್ರ ಈಗ ಬಿಸಿಲು ಎಲ್ಲೈತ್ರೀ?"

"ನಿಮ್ಮವ್ವನ ದೇವರ ಖೋಲ್ಯಾಗ."

ಒಳಗಿಂದ ಅವ್ವನ ಧ್ವನಿ ಬಂತು: "ನಾ ಹೇಳಿದ್ದಿಲ್ಲಾ?"

ಬಸ್ಯಾನ ಮಾರಿ ನೋಡಿ ನನಗ ಪಾಪ ಅನಿಸ್ತು. ಮಾಸ್ತರೂ ಸ್ವಲ್ಪ ಮೆತ್ತಗಾದರು. ಬರೇ ದಿಕ್ಕಿನ ತಪ್ಪಲ್ಲ, ನಮ್ಮ ಕಣ್ಣು ನಮಗ ಮೋಸ ಮಾಡತಾವ ಅಂದರು. ಹೊರಗ ರಣಬಿಸಿಲಿನ್ಯಾಗ ಬೆಳಕು ಒಂದು ಲಕ್ಷ ಲಕ್ಸ್ ಇದ್ರ, ಟ್ಯೂಬ್ ಲೈಟ್ ಹಚ್ಚಿದ ಖೋಲ್ಯಾಗ ಕೆಲವು ನೂರು. ನಾವು ಪೇಪರ್ ಓದತೀವಿ, ಭೇಷ್ ಬೆಳಕೈತಿ ಅಂತೀವಿ, ಗಿಡಕ್ಕ ಅದು ಅಮಾಸಿ ಕತ್ತಲಿ. ಮಧ್ಯಾಹ್ನ ಕುಂಡದ ಜಾಗಾದಾಗ ಕೈ ಹಿಡೀರಿ, ನೆಳ್ಳು ಚೊಕ್ಕ ಮೂಡಿದ್ರ ಗಿಡ ಇಡ್ರಿ, ಮಸುಕಾದ್ರ ಎಲಿಪಲ್ಲೆ ಹಚ್ಚರಿ, ನೆಳ್ಳೇ ಬೀಳದಿದ್ರ ಗಣಪತಿ ಮೂರ್ತಿ ಇಡ್ರಿ. ಸೊಳ್ಳಿ ಜಾಳಿಗಿ ಹೊಡಿಸಿದ ಕಿಡಕಿ ಇದ್ರ ಇನ್ನೂ ಬೆಳಕು ಕಡಿಮಿ.

"ಅದಕ್ಕ ಲೈಟ್ ತಂದೇನಲ್ಲ!" ಬಸ್ಯಾ ಬಟನ್ ಒತ್ತಿದ. ಇಡೀ ಹಾಲು ನೇರಳಿಹಣ್ಣಿನ ಬಣ್ಣ. ನಮ್ಮ ಹಲ್ಲೂ ನೇರಳಿ. ಶಾಂತಕ್ಕ ಹೇಳಿದ್ಲು, ಈ ಲೈಟಿನ ದೆಸಿಂದ ಎದುರಿನ ಬಿಲ್ಡಿಂಗಿನವರು ರಾತ್ರಿ ಆಕಿನ್ನ ಗುಟ್ಟಾಗಿ ಕೇಳಿದ್ರಂತ, "ಅವರ ಮನ್ಯಾಗ ಡಾನ್ಸ್ ಕ್ಲಾಸ್ ಸುರು ಮಾಡ್ಯಾರೇನ್ರೀ?"

ಲೈಟಿನ್ಯಾಗ ದೋಷಿಲ್ಲ. ಆದ್ರ ಬಸ್ಯಾ ಅದನ್ನ ಫ್ಯಾನಿನ ಕೊಕ್ಕಿಗೆ ಕಟ್ಟಿದ್ದ, ಗಿಡದಿಂದ ಆರು ಫೂಟು ಮ್ಯಾಲೆ. ಒಂದು ಗೇಣಿನಿಂದ ಒಂದೂವರಿ ಗೇಣಿನೊಳಗ ಇರಬೇಕು, ದಿನಕ್ಕ 14ರಿಂದ 16 ತಾಸು ಉರೀಬೇಕು, ರಾತ್ರಿ ಆರಿಸಬೇಕು, ನೇರಳಿನ ಬೇಕಂತಿಲ್ಲ, ಬಿಳೀ ಎಲ್ಇಡಿನೂ ನಡೀತದ, ಅಂತ ಮಾಸ್ತರು ಒಂದೇ ಉಸುರಿನ್ಯಾಗ ಹೇಳಿ ನೀರು ಕುಡದರು.

ಇನ್ನು ಮಣ್ಣಿನ ಕಥಿ. ಬಸ್ಯಾನ ಊರು ನವಲಗುಂದದ ಕಡೆ. "ಅಪ್ಪನ ಹೊಲದ ಎರಿಮಣ್ಣು ಬಿಟ್ಟು ಬ್ಯಾರೆ ಮಣ್ಣು ಮುಟ್ಟೂದಿಲ್ಲ" ಅಂತ ಒಂದು ಚೀಲ ಹೊತಗೊಂಡು ಮೂರು ಮಜಲು ಏರಿದ್ದ, ಭಕ್ತಿಯಿಂದ. ಎರಿಭೂಮಿ ಹತ್ತಿಗೆ, ಕಡ್ಲಿಗೆ ಬಂಗಾರ ಖರೇ. ಕುಂಡದಾಗ ಮಾತ್ರ ತೊಯ್ದರ ರಾಡಿ, ಒಣಗಿದ್ರ ಬಿರುಕು. ಹೊಲದಾಗ ಅದು ಆಳಕ್ಕ ಹೋಗಿ ನೀರು ಹಿಡಕೋತೈತಿ, ಆರಿಂಚಿನ ಕುಂಡದಾಗ ಅದೇ ಗುಣ ಬೇರಿನ ಕುತಿಗಿ ಒತ್ತತೈತಿ. ಬೇರಿಗೆ ನೀರಿನಷ್ಟೇ ಗಾಳಿನೂ ಬೇಕು. ಕೆಂಪುಮಣ್ಣು, ಕೋಕೋಪೀಟ್ ಅನ್ನೋ ತೆಂಗಿನ ನಾರಿನ ಪುಡಿ, ಎರಿಹುಳದ ಗೊಬ್ಬರ, ಮೂರೂ ಸಮಸಮ. ಬರೇ ಕೋಕೋಪೀಟಿನ್ಯಾಗ ಸತ್ವಿಲ್ಲ, ಅದು ಹಾಸಿಗಿ, ಊಟ ಅಲ್ಲ. ಇಷ್ಟು ಕೇಳಿ ಬಸ್ಯಾ, "ಅಪ್ಪಗ ಏನು ಹೇಳ್ಲಿ?" ಅಂದ. ಅದಕ್ಕ ನಮ್ಮ ಹತ್ರ ಉತ್ತರಿರಲಿಲ್ಲ.

ಅಷ್ಟೊತ್ತಿಗೆ ಚಾ ಬಂತು. ನನ್ನ ಕಪ್ಪಿನ್ಯಾಗ ಸಣ್ಣ ಕರೀ ನೊಣ ಈಜಾಡಾಕ ಹತ್ತಿತ್ತು.

"ಅವು ಕುಂಡದ್ದು," ಅಂದ ಬಸ್ಯಾ, ಮನಿ ಮಂದಿ ಪರಿಚಯ ಮಾಡಿಸಿದಂಗ.

"ನೀರು ಎಷ್ಟು ಹಾಕ್ತಿ?"

"ನಳ ಬಂದ ದಿನ ಹಾಕ್ತೇನ್ರೀ. ಆವತ್ತು ಮನಿಗೆಲ್ಲಾ ಹಬ್ಬ, ಗಿಡಕ್ಕೂ ಎರಡೆರಡು ಚರಿಗಿ."

ಹುಬ್ಬಳ್ಳ್ಯಾಗ ನಳದ ನೀರಿಗೆ ದಿನ ಎಣಿಸಿದವರಿಗೆ ಈ ಮಾತಿನ ಸಂಕಟ ತಿಳೀತದ. ಆದ್ರ ಗಿಡಕ್ಕ ನಳದ ವ್ಯಾಳ್ಯಾ ಗೊತ್ತಿಲ್ಲ. ಬೊಟ್ಟು ಒಂದು ಗಿಣ್ಣಿನಮಟ ಮಣ್ಣಾಗ ಇಳಿಸಿ ನೋಡ್ಬೇಕು, ಒಣಾ ಇದ್ರ ಅಷ್ಟ ನೀರು. ಕುಂಡದ ತಳಕ್ಕ ತೂತಿರಬೇಕು. ಬಸ್ಯಾನ ಏಳರಾಗ ನಾಲ್ಕಕ್ಕ ತೂತಿದ್ದಿಲ್ಲ, "ಸೋಫಾಕ್ಕ ಕಲಿ ಆಗತೈತಿ" ಅಂತ. ಮ್ಯಾಲಿನ ಮಣ್ಣು ಸದಾ ಹಸಿ ಇದ್ರ ಈ ನೊಣ ಅಲ್ಲೇ ತತ್ತಿ ಇಡತಾವ. ಮ್ಯಾಲೊಂದು ಇಂಚು ಒಣಗಾಕ ಬಿಟ್ರ ಸಂಸಾರ ಕಟ್ಟೂದಿಲ್ಲ. ನಾನು ಚಾ ಅಲ್ಲೇ ಇಟ್ಟೆ.

ಕೊತಂಬ್ರಿ ಕುಂಡ ನೋಡಿದ್ರ ಬರೇ ಮಣ್ಣು. ಬಿತ್ತಿ ಇಪ್ಪತ್ತು ದಿನ ಆಗಿತ್ತಂತ. ಐದನೇ ದಿನಾ ಒಮ್ಮೆ, ಎಂಟನೇ ದಿನಾ ಒಮ್ಮೆ ಕೆದರಿ ನೋಡಿದ್ದನಂತ, ಪರೀಕ್ಷಾ ರಿಸಲ್ಟ್ ನೋಡಿದಂಗ.

"ಕಾಳು ಎರಡು ಹೋಳು ಮಾಡಿದ್ದೇನು? ಕೊತಂಬ್ರಿ ಕಾಳಿನೊಳಗ ಎರಡು ಬೀಜ ಇರತಾವ. ಚಪ್ಪಲೀಲೆ ಮೆತ್ತಗ ತಿಕ್ಕಿ, ಒಂದು ರಾತ್ರಿ ನೆನಿ ಹಾಕಿ ಬಿತ್ತಬೇಕು. ವಾರದಿಂದ ಎರಡು ವಾರದೊಳಗ ಏಳತದ."

"ಎಲ್ಲಾ ಮಾಡೇನ್ರೀ."

"ಕಾಳು ಎಲ್ಲೀವು?"

"ಅಡಿಗಿಮನಿ ಡಬ್ಬ್ಯಾಗಿನ್ವು."

ಒಳಗಿಂದ ಬಸ್ಯಾನ ಹೆಂಡತಿ, "ಯಾವ ಡಬ್ಬೀ? ಸ್ಟೀಲಿಂದಾ? ಅವು ಮಸಾಲಿಗೆ ಹುರದಿಟ್ಟ ಕಾಳ್ರೀ!"

ಮುಂದ ಐದು ನಿಮಿಷ ಯಾರೂ ಮಾತಾಡ್ಲಿಲ್ಲ, ಆಡೂ ಸ್ಥಿತ್ಯಾಗ ಇದ್ದಿಲ್ಲ. ಮಾಸ್ತರಂತೂ ಚಸ್ಮಾ ತಗದು ಕಣ್ಣೊರಸಿಕೊಂಡರು.

ನಗು ನಿಂತ ಮ್ಯಾಲೆ ನಾ ಕೇಳಿದೆ, "ಮೆಣಸಿನಗಿಡ ಹೂ ಬಿಟ್ಟಿತ್ತೇನಲೇ?"

"ಎರಡು ಬಿಟ್ಟಿತ್ತು, ಉದುರಿದ್ವು. ವಿಡಿಯೋದಾಗ ಹೇಳಿದಂಗ ಬ್ಯಾಟರಿ ಬ್ರಷ್ಷಿಲೆ ದಿನಾ ಮುಂಜಾನೆ ಝುರ್ ಅನಿಸೇನಿ."

"ಯಾವ ಬ್ರಷ್ಷು?"

"ಹಲ್ಲಿಂದು."

"ಹಲ್ಲು ತಿಕ್ಕೂದಕ್ಕಿಂತ ಮೊದಲೋ, ಆಮ್ಯಾಲೋ?" ಶಾಂತಕ್ಕ ಕೇಳಿದ್ಲು. ಬಸ್ಯಾ ಹೇಳಲಿಲ್ಲ.

ಬ್ರಷ್ಷಿನ ಯುಕ್ತಿ ಹುಚ್ಚಲ್ಲ ಅಂತ ಮಾಸ್ತರೇ ಅವನ ಕಡೆ ಮಾತಾಡಿದರು. ಮೆಣಸಿನಕಾಯಿ, ಟೊಮ್ಯಾಟೋ ಹೂವಿನ್ಯಾಗ ಗಂಡು-ಹೆಣ್ಣು ಎರಡೂ ಒಂದೇ ಮನ್ಯಾಗ. ಹೊರಗ ಗಾಳಿ, ಜೇನು ಬಂದು ಅಲುಗಾಡಿಸ್ತಾವ. ಒಳಗ ಅವೆರಡೂ ಇಲ್ಲ, ಬೊಟ್ಟೀಲೆ ಮೆತ್ತಗ ತಟ್ಟಿದ್ರೂ ಸಾಕು. ಆದ್ರ ಆರು ತಾಸು ಬಿಸಿಲಿಲ್ಲದ ಗಿಡಕ್ಕ ಏನು ಕಚಗುಳಿ ಇಟ್ರೂ ಕಾಯಿ ಹಿಡಿಯೂ ತಾಕತ್ತಿಲ್ಲ.

"ನೆಳ್ಳಾಗ ಕುಂತು ಕಾಯಿ ಬೇಡೂದು ಅಂದ್ರ ಬಿಸಿಲಿನ ಹತ್ರ ಸಾಲಾ ಕೇಳಿದಂಗ," ಅಂದ್ಲು ಶಾಂತಕ್ಕ. "ಎಲಿ ಬೇಡಪಾ, ಕೈಗಡಾ ಕೊಡತದ. ಬರ್ರಿ ನಮ್ಮನಿಗೆ."

ಆಕಿ ಅಡಿಗಿಮನಿ ಕಿಡಕ್ಯಾಗ ವಿಡಿಯೋ ಇಲ್ಲ, ಲೈಟಿಲ್ಲ. ಒಂದು ತೂತುಬಿದ್ದ ಹಳೇ ಪರಾತ. ಅದರಾಗ ಎರಡಿಂಚು ಮಣ್ಣು, ರಾತ್ರಿ ನೆನಿಹಾಕಿದ ಮೆಂತೆಕಾಳು ಒತ್ತೊತ್ತಾಗಿ ಚೆಲ್ಲಿ ಮ್ಯಾಲೆ ತೆಳ್ಳಗ ಮಣ್ಣು ಉದುರಿಸಿದ್ಲು, ಅಷ್ಟ. ಮೂರನೇ ದಿನಾ ಮೊಳಕಿ. ಹತ್ತು-ಹನ್ನೆರಡು ದಿನಕ್ಕ ಎಳೀದು ಕತ್ತರೀಲೆ ಕೊಯ್ದ್ರ ಪಚಡಿಗೆ, ಇಪ್ಪತ್ತೈದು ದಿನ ಬಿಟ್ರ ಪಲ್ಲೆಕ್ಕ. ಒಂದು ಪರಾತ ಮುಗಿಯೂದ್ರೊಳಗ ಇನ್ನೊಂದು ಬಿತ್ತತಾಳ. ಬಾಜೂಕ ಉಪ್ಪಿನಕಾಯಿ ಬಾಟಲ್ಯಾಗ ಪುದೀನಾ ಟೊಂಗಿ. ಸಂತ್ಯಾಗ ತಂದ ಕಟ್ಟಿನಾಗ ಗಟ್ಟಿ ಇದ್ದವನ್ನ ಆರಿಸಿ, ಗಿಣ್ಣಿನ ಕೆಳಗ ಕತ್ತರಿಸಿ, ಕೆಳಗಿನ ಎಲಿ ತಗದು ನೀರಾಗ ಇಟ್ಟಾಳ. ಎರಡು ದಿನಕ್ಕೊಮ್ಮೆ ನೀರು ಬದಲಿ, ವಾರ-ಹತ್ತು ದಿನಕ್ಕ ಬಿಳೀ ಬೇರು, ಆಮ್ಯಾಲೆ ಅಗಲ ಕುಂಡ.

ಬಸ್ಯಾ ಪರಾತ ಭಾಳೊತ್ತು ನೋಡಿದ. "ಇದರ ಫೋಟೋ ಹಾಕಿದ್ರ ಯಾರೂ ಲೈಕ್ ಕೊಡೂದಿಲ್ಲ," ಅಂದ. ಆದ್ರೂ ಒಂದು ಮುಷ್ಟಿ ಮೆಂತೆಕಾಳು ಇಸಗೊಂಡ. "ಹುರದಿಲ್ಲಲ್ಲರೀ?" ಅಂತ ಎರಡು ಸಲ ಕೇಳಿದ.

ಮಾಸ್ತರು ಸಪ್ಟಂಬರಿನ್ಯಾಗ ಧಾರವಾಡ ಕೃಷಿಮೇಳಕ್ಕ ಬಾ, ಬಿತ್ತನಿ ಬೀಜ ಕೊಡಸ್ತೇನಿ ಅಂದರು. ಕೃಷಿ ವಿಶ್ವವಿದ್ಯಾಲಯ ಆದದ್ದು 1986ರಾಗ ಅಂತ ಸುರು ಮಾಡೂದ್ರೊಳಗ ನಾ ಅವರ ಛತ್ರಿ ತಂದು ಕೈಯಾಗ ಕೊಟ್ಟೆ.

ಶಾಂತಕ್ಕ ಬೇರು ಬಂದ ಆರು ಪುದೀನಾ ಟೊಂಗಿ ಹಸೀ ಅರಿವ್ಯಾಗ ಸುತ್ತಿ ನನಗೂ ಕೊಟ್ಲು. ಚಿಗರ್ಯಾಗ ನಿಲ್ಲಾಕೂ ಜಾಗಾ ಇದ್ದಿಲ್ಲ. ಚಿಗುರು ಜಜ್ಜೀತು ಅಂತ ಅಂಗಿ ಕಿಸೇದಾಗ ಇಟಗೊಂಡೆ. ನವನಗರ ಬರೂದ್ರಾಗ ಇಡೀ ಬಸ್ಸಿನ್ಯಾಗ ವಾಸನಿ. ಮುಂದ ನಿಂತ ಹುಡುಗಿ ಎರಡು ಸಲ ಹೊಳ್ಳಿ ನೋಡಿತು, ಕಡೀಕ ತಡೀಲಾರದ ಕೇಳಿತು:

"ಅಂಕಲ್, ನಿಮ್ಮ ಪಾನಿಪುರಿ ಗಾಡಿ ಧಾರವಾಡದಾಗ ಎಲ್ಲಿ ನಿಂದರತೈತ್ರೀ?"

ಮಾಸ್ತರು ನನಗ ಬಾಯಿ ತಗಿಯಾಕ ಬಿಡಲಿಲ್ಲ. "ಸುಪರ್ ಮಾರ್ಕೆಟ್ ಹತ್ರವ್ವಾ, ಸಂಜಿ ಆರಕ್ಕ," ಅಂದರು.